ಏಜೆಂಟ್‌ಗಳಿಗೆ ಎಪಿಐ ವಿವರಣೆ: ಪಶ್ಚಿಮ ಬೆಂಗಳೂರಿನ ಸ್ಥಳನಾಮ, ದಿನಾಂಕಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಎಪಿಐಯೊಂದನ್ನು ಬಳಸಲು ಹೊರಟ ಎಐ ಏಜೆಂಟ್‌ನ ಮುಂದೆ ಸಾಮಾನ್ಯವಾಗಿ ಇರುವುದು ಮೂರೇ: ಟೂಲಿನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ. ಪ್ರೋಗ್ರಾಮರ್‌ಗಾದರೆ ಅನುಮಾನ ಬಂದಾಗ ಪಕ್ಕದವರನ್ನು ಕೇಳುವ ದಾರಿಯಿದೆ. ಏಜೆಂಟ್ ಬಹುಮಟ್ಟಿಗೆ ಬರೆದದ್ದನ್ನೇ ನಂಬಿ ಮುಂದುವರಿಯುತ್ತದೆ. ಸ್ಕೀಮಾ ಹಿಡಿಯಲಾರದ ತಪ್ಪುಗಳು ಯಾವುವು, ವಿವರಣೆಯ ಒಂದೆರಡು ವಾಕ್ಯಗಳು ಅವುಗಳನ್ನು ಎಷ್ಟರ ಮಟ್ಟಿಗೆ ತಡೆಯಬಹುದು ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಲಾಗಿದೆ. ಉದಾಹರಣೆಗಳು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳವು. ಮಾದರಿಗಳ ಕಾರ್ಯಕ್ಷಮತೆಯನ್ನು ಅಳೆದ ಪ್ರಯೋಗ ಇದಲ್ಲ.

2. ಮಾನಕಗಳು

ಎಐ ಏಜೆಂಟ್‌ಗಳನ್ನು ಟೂಲುಗಳಿಗೆ ಜೋಡಿಸುವ ಮಾನಕವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ (ಎಂಸಿಪಿ) ಪ್ರಕಟವಾದದ್ದು 2024ರ ನವೆಂಬರ್ 25ರಂದು. ಆದರೆ ಅದರ ಮೊದಲ ಆವೃತ್ತಿಯ ಹೆಸರಿನಲ್ಲಿರುವುದು 2024-11-05. ಉಲ್ಲೇಖಿಸುವವರು ಯಾವ ದಿನಾಂಕವನ್ನು ಕೊಡುತ್ತಿದ್ದಾರೆಂದು ಹೇಳುವುದು ಲೇಸು. ಈ ಮಾನಕದಲ್ಲಿ ಟೂಲಿಗೆ ಹೆಸರೂ ಇನ್‌ಪುಟ್ ಸ್ಕೀಮಾವೂ ಕಡ್ಡಾಯ, ವಿವರಣೆ ಐಚ್ಛಿಕ. ಏಜೆಂಟ್ ಹೆಚ್ಚು ಆತುಕೊಳ್ಳುವ ಭಾಗವೇ ಖಾಲಿ ಬಿಟ್ಟರೂ ನಡೆಯುವ ಭಾಗವಾಗಿರುವುದು ಗಮನಾರ್ಹ. 2025-03-26ರ ಆವೃತ್ತಿಯಲ್ಲಿ ‘ಓದಲು ಮಾತ್ರ’, ‘ಹಾನಿಕರವಾಗಬಹುದು’ ಮುಂತಾದ ಸೂಚನೆಗಳು ಸೇರಿದವು. ನಂಬಿಕಸ್ತ ಸರ್ವರ್‌ನಿಂದ ಬಂದಿರದಿದ್ದರೆ ಅವನ್ನು ನೆಚ್ಚಬಾರದು ಎಂಬ ಷರತ್ತೂ ಜೊತೆಗಿದೆ.

ಇನ್‌ಪುಟ್ ಸ್ಕೀಮಾ ಬರೆಯಲು ಬಳಸುವ ಜೇಸನ್ ಸ್ಕೀಮಾದ 2020-12 ಆವೃತ್ತಿಯಲ್ಲಿ ‘ಫಾರ್ಮ್ಯಾಟ್’ ಎಂಬುದು ಬೇರೆ ಏರ್ಪಾಡು ಇಲ್ಲದಿದ್ದಲ್ಲಿ ಬರಿಯ ಟಿಪ್ಪಣಿ. ಅಂದರೆ ‘ದಿನಾಂಕ’ ಎಂದು ಬರೆದ ಮಾತ್ರಕ್ಕೆ ದಿನಾಂಕದ ಪರೀಕ್ಷೆ ನಡೆಯುತ್ತದೆಂದು ಭಾವಿಸುವಂತಿಲ್ಲ.

3. ಸ್ಥಳನಾಮ

‘ನಿಲ್ದಾಣ: ಕೆಂಗೇರಿ’ ಎಂಬ ಪ್ಯಾರಾಮೀಟರಿಗೆ ಕನಿಷ್ಠ ಮೂರು ಅರ್ಥ ಸಾಧ್ಯ: ನೇರಳೆ ಮಾರ್ಗದ ಕೆಂಗೇರಿ ಮೆಟ್ರೊ ನಿಲ್ದಾಣ, ಅದೇ ಮಾರ್ಗದಲ್ಲಿ ನಗರದ ಕಡೆಗಿರುವ ಮುಂದಿನ ನಿಲ್ದಾಣವಾದ ಕೆಂಗೇರಿ ಬಸ್ ಟರ್ಮಿನಲ್, ಕೆಜಿಐ ಎಂಬ ಸಂಕೇತವಿರುವ ರೈಲು ನಿಲ್ದಾಣ. ಮೂರೂ ಸ್ಟ್ರಿಂಗ್‌ಗಳಾದ್ದರಿಂದ ಸ್ಕೀಮಾ ಮೂರನ್ನೂ ಒಪ್ಪುತ್ತದೆ. ವಿಜಯನಗರದ ತೊಡಕು ಬೇರೆ ಬಗೆಯದು: ಮೈಸೂರಿನಲ್ಲಿಯೂ ಆ ಹೆಸರಿನ ಬಡಾವಣೆಯಿದೆ, 2021ರಿಂದ ಜಿಲ್ಲೆಯೂ ಇದೆ. ಹೊಸಹಳ್ಳಿ ಮೆಟ್ರೊ ನಿಲ್ದಾಣದ ಅಧಿಕೃತ ಹೆಸರಿನಲ್ಲಿ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಮೊದಲು ಬರುತ್ತದೆ. ಪ್ರಯಾಣಿಕರ ಬಾಯಲ್ಲಿ ಅದು ಹೊಸಹಳ್ಳಿಯೇ.

ಬಸವೇಶ್ವರನಗರದ್ದು ಹೆಚ್ಚು ಸೂಕ್ಷ್ಮವಾದ ಪ್ರಕರಣ. ನೇರಳೆ, ಹಸಿರು ಮಾರ್ಗಗಳಲ್ಲಿ ಆ ಹೆಸರಿನ ನಿಲ್ದಾಣವಿಲ್ಲ. ಟೂಲ್ ಖಾಲಿ ಪಟ್ಟಿ ಮರಳಿಸಿದರೆ ಏಜೆಂಟ್ ಅದನ್ನು ‘ಕಾಗುಣಿತ ತಪ್ಪಿದೆ’ ಎಂದೋ ‘ಮೆಟ್ರೊ ಸೌಲಭ್ಯವೇ ಇಲ್ಲ’ ಎಂದೋ ಓದಿಕೊಳ್ಳಬಹುದು. ಎರಡನೆಯ ಓದು ಬಳಕೆದಾರರನ್ನು ಖಂಡಿತವಾಗಿ ದಾರಿ ತಪ್ಪಿಸುತ್ತದೆ, ಏಕೆಂದರೆ ರಾಜಾಜಿನಗರ, ವಿಜಯನಗರ ನಿಲ್ದಾಣಗಳು ದೂರವೇನಲ್ಲ. ಖಾಲಿ ಪಟ್ಟಿಯ ಅರ್ಥವನ್ನು ವಿವರಣೆಯಲ್ಲೇ ಹೇಳಬೇಕಾಗುತ್ತದೆ. ಬಡಾವಣೆಯ ಹೆಸರು ಅಥವಾ 560079ರಂಥ ಪಿನ್‌ಕೋಡ್ ಕೊಡಬಹುದೇ ಎಂಬುದನ್ನೂ.

ಕನ್ನಡ ಲಿಪಿಯಲ್ಲಿ ಹುಡುಕುವ ಟೂಲಿಗೆ ಇನ್ನೊಂದು ಎಚ್ಚರ ಬೇಕು. ‘ಕೆಂಗೇರಿ’ಯ ‘ಗೇ’ಯಲ್ಲಿರುವ ದೀರ್ಘ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಹ್ರಸ್ವಚಿಹ್ನೆ ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ ಪದಕ್ಕೆ 7 ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟ್‌ಗಳು. ಎರಡನೆಯದರಲ್ಲಿ 8 ಮತ್ತು 24. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ, ಬೈಟ್‌ಗಳನ್ನು ಹೋಲಿಸುವ ಸರ್ವರ್ ಪರಿಗಣಿಸುವುದಿಲ್ಲ. ಇದನ್ನು ಸರ್ವರ್‌ನಲ್ಲಿಯೇ ಸರಿಪಡಿಸುವುದು ಯುಕ್ತ; ವಿವರಣೆಯ ಮೇಲೆ ಹೊರಿಸುವ ಕೆಲಸ ಇದಲ್ಲ.

4. ‘ಆರಂಭ’ದ ದಿನಾಂಕ

ನೇರಳೆ ಮಾರ್ಗದ ಮೈಸೂರು ರಸ್ತೆ–ಕೆಂಗೇರಿ ಭಾಗದ ಉದ್ಘಾಟನೆ 2021ರ ಆಗಸ್ಟ್ 29ರಂದು, ಸಾರ್ವಜನಿಕ ಸಂಚಾರ ಆರಂಭವಾದದ್ದು 30ರಂದು. ಕೆಂಗೇರಿ–ಚಲ್ಲಘಟ್ಟ ಭಾಗದಲ್ಲಿ ಕ್ರಮ ತಿರುಗುಮುರುಗು: ಸಂಚಾರ 2023ರ ಅಕ್ಟೋಬರ್ 9ರಂದು, ವಿಧ್ಯುಕ್ತ ಸಮರ್ಪಣೆ 20ರಂದು. ‘ಆರಂಭ_ದಿನಾಂಕ’ ಎಂಬ ಒಂದೇ ಕ್ಷೇತ್ರದಲ್ಲಿ ಸಮಾರಂಭದ ದಿನವನ್ನು ತುಂಬಿದ್ದರೆ, ಅಕ್ಟೋಬರ್ 15ರಂದು ಚಲ್ಲಘಟ್ಟಕ್ಕೆ ರೈಲು ಇತ್ತೇ ಎಂಬ ಪ್ರಶ್ನೆಗೆ ಏಜೆಂಟ್ ‘ಇರಲಿಲ್ಲ’ ಎಂದು ಉತ್ತರಿಸೀತು. ಸಮಾರಂಭವೇ ಯಾವಾಗಲೂ ಮೊದಲು ಎಂಬ ಊಹೆಯಿಂದ ಒಂದು ದಿನ ಕೂಡಿಸಿ ತಿದ್ದುವುದೂ ಇಲ್ಲಿ ನಿಲ್ಲದು. ಎರಡು ಕ್ಷೇತ್ರಗಳಿರುವುದು ಮೇಲು; ಒಂದೇ ಇದ್ದರೆ ಅದು ಯಾವುದೆಂದು ವಿವರಣೆ ಹೇಳಬೇಕು.

ಸಾರಿಗೆ ವೇಳಾಪಟ್ಟಿಗಳ ಜಿಟಿಎಫ್‌ಎಸ್ ಮಾನಕದಲ್ಲಿ ನಡುರಾತ್ರಿ ದಾಟಿದ ಸಂಚಾರಕ್ಕೆ 25:10:00ರಂಥ ಸಮಯವೂ ಸಿಂಧು. ವಿವರಣೆ ಇಲ್ಲದಿದ್ದರೆ ಏಜೆಂಟ್ ಅದನ್ನು ದೋಷವೆಂದೇ ತಿಳಿಯುವ ಸಂಭವ ಇದೆ.

5. ಅಕ್ಷಾಂಶ, ರೇಖಾಂಶಗಳ ಕ್ರಮ

ಆಟೊ ಬುಕಿಂಗ್ ಆ್ಯಪ್ ಆದ ನಮ್ಮ ಯಾತ್ರಿಯ ತಳಹದಿಯಾದ ಬೆಕ್ನ್ ಪ್ರೊಟೊಕಾಲ್‌ನಲ್ಲಿ ಅಕ್ಷಾಂಶ ಮೊದಲು, ರೇಖಾಂಶ ನಂತರ. ಭೌಗೋಳಿಕ ದತ್ತಾಂಶಕ್ಕೆ ಬಳಸುವ 2016ರ ಜಿಯೋಜೇಸನ್ ಮಾನಕದಲ್ಲಿ ಇದಕ್ಕೆ ವಿರುದ್ಧ. ಕೆಂಗೇರಿಯ ಸ್ಥಾನ ಸುಮಾರು 12.91, 77.48. ಅದಲುಬದಲಾದರೆ ಆಟೊ ಹತ್ತಬೇಕಾದ ಜಾಗ ಆರ್ಕ್‌ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರಕ್ಕೆ ಬೀಳುತ್ತದೆ. ಅಕ್ಷಾಂಶದ ಮಿತಿ 90 ಆದ್ದರಿಂದ 77.48 ಕೂಡ ಸಿಂಧು ಸಂಖ್ಯೆಯೇ, ಸಾಮಾನ್ಯ ಮಿತಿ ಪರೀಕ್ಷೆಗೆ ಇದು ಸಿಕ್ಕುವುದಿಲ್ಲ. ಅಕ್ಷಾಂಶದ ಗರಿಷ್ಠ ಮೌಲ್ಯವನ್ನು 38ಕ್ಕೆ ಇಳಿಸಿದರೆ ಭಾರತದ ಮಟ್ಟಿಗೆ ಸಾಕು. ವಿವರಣೆಗಿಂತ ಸ್ಕೀಮಾವೇ ಸಮರ್ಥವಾಗಿರುವ ಪ್ರಕರಣ ಇದು.

6. ಸ್ವೀಕೃತಿ ಮತ್ತು ಫಲಿತಾಂಶ

ಬೆಕ್ನ್‌ನಲ್ಲಿ ‘ಸರ್ಚ್’ ಕರೆಗೆ ತಕ್ಷಣ ಬರುವುದು ಸ್ವೀಕೃತಿ ಮಾತ್ರ. ಫಲಿತಾಂಶ ‘ಆನ್_ಸರ್ಚ್’ ಎಂಬ ಪ್ರತ್ಯೇಕ ಕರೆಯಾಗಿ ನಂತರ ಬರುತ್ತದೆ. ಸ್ವೀಕೃತಿಯನ್ನೇ ಉತ್ತರವೆಂದು ತಿಳಿದ ಏಜೆಂಟ್ ‘ವಾಹನಗಳಿಲ್ಲ’ ಎಂದು ವರದಿ ಮಾಡಬಹುದು, ಅಥವಾ ಅದೇ ಹುಡುಕಾಟವನ್ನು ಮತ್ತೆ ಕಳಿಸಬಹುದು. ಹುಡುಕಾಟ ಎರಡು ಸಲ ಹೋದರೆ ನಷ್ಟ ಅಲ್ಪ. ಬುಕಿಂಗ್ ಖಚಿತಪಡಿಸುವ ‘ಕನ್ಫರ್ಮ್’ ವಿಷಯದಲ್ಲಿ ಹಾಗೆನ್ನಲಾಗದು.

3, 4ನೆಯ ಭಾಗಗಳ ಅಂಶಗಳನ್ನು ಒಳಗೊಂಡ ವಿವರಣೆಯ ಕರಡು, ಕಾಲ್ಪನಿಕ ಟೂಲೊಂದಕ್ಕೆ, ಹೀಗಿರಬಹುದು:

‘ಬೆಂಗಳೂರು ಮೆಟ್ರೊ ನಿಲ್ದಾಣವನ್ನು ಹೆಸರಿನಿಂದ ಹುಡುಕುತ್ತದೆ, ರೈಲು, ಬಸ್ ನಿಲ್ದಾಣಗಳು ಸೇರಿಲ್ಲ. ಅಧಿಕೃತ ಹೆಸರು, ರೂಢಿಯ ಹೆಸರು ಎರಡೂ ಆಗಬಹುದು. ಬಡಾವಣೆಯ ಹೆಸರು, ಪಿನ್‌ಕೋಡ್ ಕೊಡಬೇಡಿ; ಅದಕ್ಕೆ ‘ಹತ್ತಿರದ_ನಿಲ್ದಾಣ’ ಬಳಸಿ. ಒಂದಕ್ಕಿಂತ ಹೆಚ್ಚು ಹೊಂದಿಕೆ ಬಂದರೆ (ಉದಾ: ಕೆಂಗೇರಿ, ಕೆಂಗೇರಿ ಬಸ್ ಟರ್ಮಿನಲ್) ಬಳಕೆದಾರರನ್ನು ಕೇಳಿ. ಖಾಲಿ ಪಟ್ಟಿ ಎಂದರೆ ಆ ಹೆಸರಿನ ನಿಲ್ದಾಣವಿಲ್ಲ ಎಂದಷ್ಟೇ. ಸಮೀಪದಲ್ಲಿ ನಿಲ್ದಾಣವಿಲ್ಲ ಎಂದಲ್ಲ. ‘ಸಂಚಾರ_ಆರಂಭ’ ಸಾರ್ವಜನಿಕ ಸೇವೆಯ ಮೊದಲ ದಿನ, ಉದ್ಘಾಟನೆಯ ದಿನವಲ್ಲ.’