ತಿಗರಿ ಕಲಿಯಲು ಎಷ್ಟು ದಿನ ಬೇಕು?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕಟ್ಟುವುದು ಕಷ್ಟ, ಕೆಡವುವುದು ಸುಲಭ ಎಂಬ ಅರ್ಥದಲ್ಲಿ ಬಳಸುವುದು ವಾಡಿಕೆ. ಗಾದೆಯ ‘ವರುಷ’ವನ್ನು ಗಡಿಗೆ ಮಾಡಲು ಹಿಡಿಯುವ ಕಾಲ ಎಂದುಕೊಂಡರೆ ಅದು ಉತ್ಪ್ರೇಕ್ಷೆಯೇ ಸರಿ. ನುರಿತ ಕುಂಬಾರ ತಿಗರಿಯ ಮೇಲೆ ಗಡಿಗೆಯ ಕಂಠ ಎತ್ತುವುದು ಕೆಲವೇ ನಿಮಿಷಗಳಲ್ಲಿ. ಆದರೆ ಅದನ್ನೇ ಗಡಿಗೆ ಮಾಡಲು ಕಲಿಯುವುದಕ್ಕೆ ಬೇಕಾದ ಕಾಲ ಎಂದು ತಿಳಿದರೆ, ಗಾದೆ ಲೆಕ್ಕವನ್ನು ಬಹಳ ಕಡಿಮೆ ಹೇಳಿತು ಎನ್ನಬೇಕಾಗುತ್ತದೆ.

ಈ ಲೆಕ್ಕಕ್ಕೆ ಈಗ ಮಹತ್ವ ಬಂದಿದೆ. ಬೆಂಗಳೂರಿನಂಥ ನಗರಗಳಲ್ಲಿ ವಾರಾಂತ್ಯದ ಎರಡು ಮೂರು ಗಂಟೆಗಳಲ್ಲಿ ತಿಗರಿ ಕಲಿಸುವ ತರಗತಿಗಳು ನಡೆಯುತ್ತಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಮಾಲಿ, ಕುಂಬಾರರ ಬಳಿ ಕೆಲಸ ಕಲಿಯಲಿ ಎಂದಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರ ಬುನಾದಿ ತರಬೇತಿಯ ಅವಧಿ 5ರಿಂದ 7 ದಿನ. ಎರಡು ಗಂಟೆ, ಹತ್ತು ದಿನ, ಒಂದು ವಾರ! ಇಷ್ಟರಲ್ಲಿ ಕಲಿಯುವುದು ಏನು, ಉಳಿದುಹೋಗುವುದು ಏನು?

ಇದಕ್ಕೆ ಉತ್ತರ ಹುಡುಕಲು ಕಲಬುರಗಿ ಜಿಲ್ಲೆಯ ಸೇಡಂ ಸೀಮೆಯನ್ನು ನೋಡುವುದು ಒಳ್ಳೆಯದು. ಕೋಡ್ಲಾ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್ ಈ ಎಲ್ಲ ಊರುಗಳ ನೆಲದಡಿ ಇರುವುದು ಸುಣ್ಣದ ಕಲ್ಲು. ಮನೆ ಮನೆಗೆ ಹಾಸುವ ಶಹಾಬಾದ್ ಪರಸಿ ಬಂದದ್ದು ಈ ಕಲ್ಲಿನಿಂದ. ವಾಡಿ, ಸೇಡಂ, ಕೋಡ್ಲಾ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೂ ಇದರಿಂದಲೇ. ಕಲ್ಲಿನ ಮೇಲೆ ತೊಗರಿ ಬೆಳೆಯುವ ಎರೆ ಭೂಮಿ. ರೈತನಿಗೆ ಚಿನ್ನದಂಥ ಈ ಕರಿಮಣ್ಣು ಕುಂಬಾರನಿಗೆ ತಕರಾರಿನ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕುಗಳೇ ಗಡಿಗೆಯ ಮೈಮೇಲೂ ಬರುತ್ತವೆ. ಆದ್ದರಿಂದ ಇಂಥ ನೆಲದಲ್ಲಿ ಕೆರೆಯ ಅಂಗಳದ್ದೋ ಹಳ್ಳದ ದಂಡೆಯದೋ ಮಣ್ಣು ತಂದು, ಮರಳು, ಬೂದಿ, ಲದ್ದಿಯಂಥವನ್ನು ಬೆರೆಸಿ ಹದ ಮಾಡಿಕೊಳ್ಳಬೇಕು.

ಇನ್ನೊಂದು ತೊಡಕು ಸುಣ್ಣದ್ದೇ. ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಸುಣ್ಣದ ಹರಳು ಉಳಿದಿದ್ದರೂ ಅದು ಆವಿಗೆಯ ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುತ್ತದೆ. ಗಡಿಗೆ ಆವಿಗೆಯಿಂದ ಹೊರಬಂದಾಗ ಲೋಪವೇನೂ ಕಾಣದು. ಕೆಲವು ದಿನ ಕಳೆದ ಮೇಲೆ ಹರಳು ಗಾಳಿಯ ತೇವ ಹೀರಿ ಅರಳುತ್ತದೆ. ಗಡಿಗೆಯ ಮೈಯಿಂದ ಒಂದು ಚಕ್ಕೆ ಹಾರಿಬೀಳುತ್ತದೆ, ಕೆಲವೊಮ್ಮೆ ಗಡಿಗೆಯೇ ಸೀಳುತ್ತದೆ. ಕೊಂಡವರು ಬೈಯುವುದು ಕುಂಬಾರನನ್ನು! ಹೀಗಾಗಿ ಸುಣ್ಣದ ನೆಲದಲ್ಲಿ ಮೊದಲ ಪಾಠ ತಿಗರಿಯ ಮುಂದೆ ನಡೆಯುವುದಿಲ್ಲ. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ತುಳಿದು, ಕಾಲಿನ ಹಿಮ್ಮಡಿಗೂ ಬೆರಳಿಗೂ ಸಿಕ್ಕ ಹರಳನ್ನು ಆರಿಸಿ ಎಸೆಯುವುದೇ ಮೊದಲ ಪಾಠ. ಅಂಗಡಿಯಿಂದ ಸೋಸಿದ ಮಣ್ಣಿನ ಮುದ್ದೆ ತರಿಸಿ ಕಲಿಸುವ ತರಗತಿಯಲ್ಲಿ ಈ ಪಾಠಕ್ಕೆ ಎಡೆಯೇ ಇಲ್ಲ.

ಈ ಪ್ರದೇಶದಲ್ಲಿ ಮಡಕೆಯ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅದಕ್ಕೂ ಎಷ್ಟೋ ಶತಮಾನ ಮೊದಲು ಭೀಮಾ ದಂಡೆಯ ಸನ್ನತಿಯಲ್ಲಿ ಶಾತವಾಹನರ ಕಾಲದ ಬೌದ್ಧ ನೆಲೆ ಇತ್ತು. ಅಲ್ಲಿನ ಉತ್ಖನನಗಳಲ್ಲಿ ಶಿಲ್ಪಗಳ ಜೊತೆಗೆ ಮಡಕೆಯ ಚೂರುಗಳೂ ದೊರೆತಿವೆ. ಆದರೆ ಕರ್ನಾಟಕದಲ್ಲಿ ತಿಗರಿ ಹೇಗೆ ಬಂತೆಂದು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರಗಳು ಕಂಡವು. ಅಡಿಯಲ್ಲಿ ಕಲ್ಲುಕೊಡಲಿ ಕಾಲದ ಜನರದು, ಬಹುಮಟ್ಟಿಗೆ ಕೈಯಲ್ಲೇ ಮಾಡಿದ ಮಡಕೆ. ಅದರ ಮೇಲೆ ಬೃಹತ್ ಶಿಲಾಗೋರಿಗಳ ಜನರದು, ನಿಧಾನವಾಗಿ ತಿರುಗುವ ಹಲಗೆಯ ಮೇಲೆ ಮಾಡಿದ್ದು. ಮೇಲಿನ ಪದರದಲ್ಲಿ ಶಾತವಾಹನರ ಕಾಲದ್ದು, ವೇಗದ ತಿಗರಿಯ ಮಡಕೆ. ತಿಗರಿ ಇಲ್ಲದೆಯೂ ಮಡಕೆ ಆಗುತ್ತಿತ್ತು, ಬಹುಕಾಲ ಆಯಿತು ಎಂಬುದು ಇದರಿಂದ ಸ್ಪಷ್ಟ. ಹಾಗಿದ್ದರೆ ಇಷ್ಟು ಕಷ್ಟದ ಯಂತ್ರವನ್ನು ಜನ ಯಾಕೆ ಒಪ್ಪಿಕೊಂಡರು? ಒಮ್ಮೆ ಕೈ ಪಳಗಿದರೆ ದಿನಕ್ಕೆ ನೂರಾರು ಪಣತಿ, ಕುಡಿಕೆಗಳು ತಿಗರಿಯಿಂದ ಇಳಿಯುತ್ತವೆ ಎಂಬುದೇ ಕಾರಣ. ಪಳಗುವವರೆಗೆ ಮಾತ್ರ ಅದು ಹೊಟ್ಟೆಗೆ ಹಾಕುವುದಿಲ್ಲ.

ಪಳಗುವುದೆಂದರೇನು ಎಂಬುದನ್ನು ಶಾಸ್ತ್ರೀಯವಾಗಿ ಅಳೆದವರೂ ಇದ್ದಾರೆ. ಫ್ರಾನ್ಸಿನ ಪುರಾತತ್ತ್ವಜ್ಞೆ ವ್ಯಾಲೆಂಟೀನ್ ರೂ, ಡೇನಿಯೆಲಾ ಕೊರ್ಬೆಟ್ಟಾ ಅವರೊಡನೆ ಸೇರಿ ದೆಹಲಿಯ ಉತ್ತಮ್ ನಗರದ ಕುಂಬಾರ ಮನೆಗಳಲ್ಲಿ ಮಕ್ಕಳು ತಿಗರಿ ಕಲಿಯುವ ಬಗೆಯನ್ನು ಅಭ್ಯಾಸ ಮಾಡಿ 1989ರಲ್ಲಿ ಪುಸ್ತಕ ಪ್ರಕಟಿಸಿದರು. ಮಗು ಮೊದಲು ಮಾಡುವುದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಟ್ಟಲು. ಅದು ಸಲೀಸಾದ ಮೇಲೆ ಮಾತ್ರ ಮಡಕೆಯ ಎತ್ತರ ಮೆಲ್ಲಮೆಲ್ಲನೆ ಹೆಚ್ಚುತ್ತದೆ. ದೊಡ್ಡ ಪಾತ್ರೆಗಳ ಮಟ್ಟ ಮುಟ್ಟುವಷ್ಟರಲ್ಲಿ ಸುಮಾರು ಹತ್ತು ವರ್ಷ! ಮಣ್ಣಿನ ಸುರುಳಿ ಸುತ್ತಿ ಕೈಯಲ್ಲೇ ಮಡಕೆ ಮಾಡುವ ಪದ್ಧತಿಗೆ ಇಷ್ಟು ಕಾಲ ಬೇಡ. ತಿಗರಿಯಲ್ಲಿ ಎಡಗೈ ಬಲಗೈಗಳಿಗೆ ಬೇರೆ ಬೇರೆ ಕೆಲಸ. ಎರಡೂ ಒಂದೇ ಕ್ಷಣದಲ್ಲಿ, ತಿರುಗುವ ಮಣ್ಣಿನ ಮೇಲೆ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಒತ್ತಡ ಹಾಕಬೇಕು. ಬೇರೆ ಯಾವ ದಿನನಿತ್ಯದ ಕೆಲಸವೂ ಕೈಗೆ ಈ ಅಭ್ಯಾಸ ಕೊಡುವುದಿಲ್ಲ.

ಹೊಸದಾಗಿ ತಿಗರಿಯ ಮುಂದೆ ಕೂತವರೆಲ್ಲ ಸೋಲುವುದು ಒಂದೇ ಕಡೆ, ಮಣ್ಣನ್ನು ನಡುವಿಗೆ ತರುವುದರಲ್ಲಿ. ಮುದ್ದೆ ಚಕ್ರದ ನಟ್ಟನಡುವೆ ಕೂರದಿದ್ದರೆ ಪ್ರತಿ ಸುತ್ತಿಗೂ ಕೈಯನ್ನು ನೂಕುತ್ತದೆ. ಕಲಿಯುವವರು ಬೆರಳಿನ ಬಲದಿಂದ ತಡೆಯಲು ಹೋಗುತ್ತಾರೆ, ಮಣ್ಣು ಗೆಲ್ಲುತ್ತದೆ. ಮೊಣಕೈಯನ್ನು ತೊಡೆಗೋ ಮೈಗೋ ಊರಿ, ಕೈಯನ್ನು ಕದಲದ ಗೋಡೆಯಂತೆ ಇಟ್ಟರೆ ಮಣ್ಣೇ ಬಂದು ಸರಿಯಾಗುತ್ತದೆ. ಹೇಳಲು ಒಂದು ವಾಕ್ಯ ಸಾಕು, ಮೈಗೆ ಹತ್ತಲು ವಾರಗಳು ಬೇಕು. ಆಮೇಲೆ ಹೆಬ್ಬೆರಳಿನಿಂದ ಬಾಯಿ ತೆರೆಯುವುದು, ಒಳಗಿನ ಬೆರಳಿಗೂ ಹೊರಗಿನ ಬೆರಳಿಗೂ ನಡುವೆ ಗೋಡೆಯನ್ನು ಎತ್ತುವುದು, ದಾರದಿಂದ ಕೊಯ್ದು ಇಳಿಸುವುದು. ನೀರು ಹೆಚ್ಚಾದರೆ ಮಣ್ಣು ಸೋತು ಕುಸಿಯುತ್ತದೆ. ಕಡಿಮೆಯಾದರೆ ಬೆರಳಿಗೆ ಹಿಡಿದು ತಿರುಚಿಕೊಳ್ಳುತ್ತದೆ. ನಮ್ಮ ಸಾಂಪ್ರದಾಯಿಕ ಕುಂಬಾರರು ಸಣ್ಣ ಸಾಮಾನಿಗೆ ಒಂದೊಂದು ಉಂಡೆ ಇಟ್ಟುಕೊಳ್ಳುವುದಿಲ್ಲ. ದೊಡ್ಡ ಗುಡ್ಡೆಯೊಂದನ್ನು ತಿಗರಿಗೆ ಹಾಕಿ, ಅದರ ತುದಿಯಿಂದ ಪಣತಿಯ ಮೇಲೆ ಪಣತಿ ಇಳಿಸುತ್ತ ಹೋಗುತ್ತಾರೆ. ಕಲಿಯುವ ಮಗುವಿಗೆ ಇದರಿಂದ ಒಂದು ಅನುಕೂಲವುಂಟು. ಸಣ್ಣದು ಕೆಟ್ಟರೆ ನಷ್ಟ ಸಣ್ಣದು, ಮರುಕ್ಷಣವೇ ಇನ್ನೊಂದು ಅವಕಾಶ.

ಇಷ್ಟಾದರೂ ಗಡಿಗೆ ಅರ್ಧವೇ ಆಯಿತು. ದಖ್ಖನ್ನಿನ ನೀರಿನ ಕೊಡ, ಹರವಿಗಳ ದುಂಡು ಹೊಟ್ಟೆ ತಿಗರಿಯ ಮೇಲೆ ಆಗುವುದಿಲ್ಲ. ತಿಗರಿಯಲ್ಲಿ ಕಂಠವನ್ನೂ ದಪ್ಪ ಗೋಡೆಯ ಮೈಯನ್ನೂ ಮಾಡಿ ಇಳಿಸುತ್ತಾರೆ. ಅದು ಸ್ವಲ್ಪ ಆರಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತಾರೆ. ತಟ್ಟಿದಷ್ಟೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ಹಿಗ್ಗುತ್ತದೆ, ತಳ ಕೂಡಿಕೊಳ್ಳುತ್ತದೆ. ಹಲಗೆಗೆ ಮಣ್ಣು ಅಂಟದಂತೆ ಬೂದಿ ಉದುರಿಸುತ್ತಾರೆ. ಇದು ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಕೆಲಸ. ಗೋಡೆಯ ದಪ್ಪ ತಟ್ಟುವ ಸದ್ದಿನಲ್ಲೇ ತಿಳಿಯುತ್ತದೆ. ಸುಟ್ಟ ಗಡಿಗೆಯನ್ನು ಕೊಳ್ಳುವವರೂ ಬೆರಳಿನಿಂದ ಬಾರಿಸಿ ನೋಡುತ್ತಾರೆ, ಆದರೆ ಅದು ಬಿರುಕಿದೆಯೇ, ಚೆನ್ನಾಗಿ ಸುಟ್ಟಿದೆಯೇ ಎಂದು ತಿಳಿಯಲು.

ಇಲ್ಲಿ ಕುಂಬಾರ ಗುಂಡಯ್ಯನ ನೆನಪು ಬರುವುದು ಸಹಜ. ಕಲಬುರಗಿಗೆ ನೆರೆಯ ಬೀದರ್ ಜಿಲ್ಲೆಯ ಭಾಲ್ಕಿ ಈ ಶರಣನ ಊರು. ಹರಿಹರನು ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯ ಗಡಿಗೆ ಬಾರಿಸುವ ಸದ್ದಿಗೆ ಶಿವನೇ ಬಂದು ಕುಣಿದನೆಂಬುದು ಕಥೆ. ಭಕ್ತಿಯ ಮಾತು ಹಾಗಿರಲಿ, ಕಸುಬಿನ ದೃಷ್ಟಿಯಿಂದ ನೋಡಿದರೂ ಈ ಕಥೆ ಕುಂಬಾರರ ಓಣಿಯಿಂದಲೇ ಎದ್ದು ಬಂದಂತಿದೆ. ತಾಳ ತಪ್ಪದೆ ತಟ್ಟುವ ಕೈಯಲ್ಲದೆ ದುಂಡು ಗಡಿಗೆ ಆಗದು. ಗುಂಡಯ್ಯನ ಪತ್ನಿ ಕೇತಲದೇವಿಯೂ ವಚನಕಾರ್ತಿ. ‘ಕುಂಭೇಶ್ವರ’ ಎಂಬುದು ಆಕೆಯ ಅಂಕಿತ. ಆಕೆಯ ವಚನದಲ್ಲಿ ಮಣ್ಣಿನ ಹದದ ಮಾತು ಬರುವುದು ಗಮನಾರ್ಹ.

ಗಮನಾರ್ಹ ಏಕೆಂದರೆ, ದೇಶದ ಬಹುಭಾಗಗಳಲ್ಲಿ ಕುಂಬಾರ ಮನೆಯ ಹೆಂಗಸರ ಪಾಲಿಗೆ ಬಂದದ್ದು ಮಣ್ಣಿನ ಹದವೇ. ಮಣ್ಣು ತರುವುದು, ತುಳಿಯುವುದು, ಒಣಗಿಸುವುದು, ಬಣ್ಣ ಬಳಿಯುವುದು, ಆವಿಗೆಗೆ ಕುಳ್ಳು ಒಟ್ಟುವುದು, ಸಂತೆಯಲ್ಲಿ ಮಾರುವುದು ಎಲ್ಲಕ್ಕೂ ಅವರು ಬೇಕು. ತಿಗರಿ ಮುಟ್ಟುವುದು ಮಾತ್ರ ನಿಷಿದ್ಧ. ಭಾರದ ಚಕ್ರವನ್ನು ಕೋಲಿನಿಂದ ತಿರುಗಿಸಲು ಬಲ ಸಾಲದೆಂಬ ಸಬೂಬು ಇದಕ್ಕೆ ಇತ್ತು. ಆದರೆ ಮಣ್ಣಿನ ಹೊರೆ ಹೊರುವುದಕ್ಕೆ ಬಲ ಸಾಲದೆಂದು ಯಾರೂ ಹೇಳಿದಂತಿಲ್ಲ!

ಮನೆಯ ಈ ಪಾಠಶಾಲೆಗೆ ಶುಲ್ಕವಿರಲಿಲ್ಲ, ಹೊರಗಿನವರಿಗೆ ಪ್ರವೇಶವೂ ಇರಲಿಲ್ಲ. ಕುಂಬಾರ ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ರೈತರ ಕಣದಿಂದ ಕಾಳು, ಅದಕ್ಕೆ ಬದಲಾಗಿ ವರ್ಷವಿಡೀ ಗಡಿಗೆ. ಮದುವೆಗೆ ಐರಾಣಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ದೀಪಾವಳಿಗೆ ಪಣತಿ, ಬೇಸಿಗೆಗೆ ಹರವಿ. ಹತ್ತು ವರ್ಷ ಕಲಿಯುವ ಹುಡುಗನ ಊಟವನ್ನು ಈ ಆಯವೇ ಹೊತ್ತಿತ್ತು. ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡಗಳು ಬಂದು ಆಯ ತಪ್ಪಿದಾಗ ಗಿರಾಕಿಗಳಷ್ಟೇ ಹೋಗಲಿಲ್ಲ, ಶಾಲೆಯೂ ಮುಚ್ಚಿತು.

ಮನೆಯ ಹೊರಗೆ ಕಲಿಸುವ ಪ್ರಯತ್ನಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಮಣ್ಣಿನ ಕೆಲಸ ಕಾರ್ಖಾನೆಯ ಕೂಲಿಯ ಕೆಲಸವಾಯಿತು. ಅಲ್ಲಿ ಅಚ್ಚು ಮುಖ್ಯ, ತಿಗರಿಗೆ ಜಾಗವಿಲ್ಲ. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಗಾಂಧೀಜಿಯ ನಯೀ ತಾಲೀಮ್ ಕೈಕಸುಬಿನ ಮೂಲಕವೇ ಶಿಕ್ಷಣ ಎಂದಿತು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ 1944ರಿಂದ ಸೇವಾಗ್ರಾಮದಲ್ಲಿ ಕಲಾಶಿಕ್ಷಕರಾಗಿ ಮಕ್ಕಳಿಗೆ ಕಲಿಸಿದರು. ಸ್ವತಃ ಕುಂಬಾರಿಕೆ ಮಾಡುತ್ತಿದ್ದವರು ಅವರು. ಕರ್ನಾಟಕದ ಮಟ್ಟಿಗೆ ಹೆಸರಿಸಲೇಬೇಕಾದದ್ದು ಬೆಳಗಾವಿ ಜಿಲ್ಲೆಯ ಖಾನಾಪುರ. ಒಳ್ಳೆಯ ಮಣ್ಣಿಗೂ ಹಂಚಿಗೂ ಹೆಸರಾದ ಈ ಊರಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಕಸುಬಿನ ಮನೆಯಲ್ಲಿ ಹುಟ್ಟದವರೂ ಮಣ್ಣಿನ ಪರೀಕ್ಷೆ, ತಿಗರಿ, ಭಟ್ಟಿಗಳನ್ನು ಪಾಠವಾಗಿ ಕಲಿಯಬಹುದೆಂಬ ತತ್ತ್ವದ ಮೇಲೆ ನಿಂತದ್ದು ಇಂಥ ಸಂಸ್ಥೆ. ಇನ್ನು ನಗರದ ತರಗತಿಗಳ ಬೇರು ಬೇರೆಡೆ ಇದೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಎಂಬ ಅಮೆರಿಕನ್ನರು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದರು. ಅಲ್ಲಿ ತಿಂಗಳುಗಟ್ಟಲೆ ಇದ್ದು ಕಲಿತವರು ದೇಶದ ನಾನಾ ನಗರಗಳಲ್ಲಿ ಸ್ಟುಡಿಯೊ ತೆರೆದರು. ಇವರ ಪಾತ್ರೆಗಳು 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಟ್ಟು ಗಾಜಿನ ಹೊಳಪು ಪಡೆದಂಥವು. ಹಳ್ಳಿಯ ಆವಿಗೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಮುಟ್ಟುತ್ತದೆ. ಆ ಕಡಿಮೆ ಕಾವಿನಿಂದಲೇ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು, ನೀರು ಜಿನುಗಿ ಆರಿ, ಹರವಿಯ ನೀರು ತಣ್ಣಗಿರುವುದು.

ಇತ್ತೀಚಿನ ದೊಡ್ಡ ಬದಲಾವಣೆ ವಿದ್ಯುತ್ ತಿಗರಿ. 2018ರಿಂದ ಖಾದಿ ಆಯೋಗದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ಇದನ್ನು ಹಂಚಲಾಗಿದೆ. ಕೋಲು ಹಾಕಿ ತಿರುಗಿಸುವ ಶ್ರಮ ತಪ್ಪಿತು, ವೇಗ ಕಾಲಿನ ಹತೋಟಿಗೆ ಬಂತು. ಹೆಂಗಸರನ್ನು ದೂರವಿಡಲು ಹೇಳುತ್ತಿದ್ದ ಬಲದ ನೆಪವೂ ಬಿದ್ದುಹೋಯಿತು. ನಗರದ ತರಗತಿಗಳಲ್ಲಂತೂ ತಿಗರಿಯ ಮುಂದೆ ಹೆಂಗಸರು ಕೂರುವುದು ಸಾಮಾನ್ಯ. ಆಗಿರುವ ಲಾಭಗಳಲ್ಲಿ ಇದೇ ದೊಡ್ಡದು ಎಂದರೆ ತಪ್ಪಾಗದು.

ಆದರೆ ವಿಶ್ವಕರ್ಮ ಯೋಜನೆಯ ನಿಯಮಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಅವರು ಈಗಾಗಲೇ ಆ ಕಸುಬಿನಲ್ಲಿ ತೊಡಗಿರಬೇಕು. ಅಂದರೆ ಇದು ಬಲ್ಲವರಿಗೆ ಕೊಡುವ ಒತ್ತಾಸೆ. ಬಾರದವರಿಗೆ ಕಲಿಸುವ ಶಾಲೆಯಲ್ಲ. ಐದು ದಿನ ಸಾಕಾಗುವುದು ಅದಕ್ಕೇ. ಪೇಟೆಯ ಎರಡು ಗಂಟೆಯ ತರಗತಿ ಹವ್ಯಾಸಿಗೆ, ಒಂದು ವಾರದ ತರಬೇತಿ ಕಸುಬುದಾರನಿಗೆ. ಇವೆರಡರ ನಡುವೆ, ಕೋಡ್ಲಾದಂಥ ಊರಿನ ಹುಡುಗ ಅಥವಾ ಹುಡುಗಿ ಹೊಸದಾಗಿ ಕಲಿತು ಬದುಕು ಮಾಡಿಕೊಳ್ಳಬೇಕೆಂದರೆ ಹತ್ತು ವರ್ಷದ ಖರ್ಚು ಹೊರುವವರು ಯಾರೂ ಇಲ್ಲ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ, ಹೈದರಾಬಾದು, ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಮೊದಲ ದಿನದಿಂದಲೇ ಕೂಲಿ ಸಿಗುತ್ತದೆ. ತಿಗರಿಯಲ್ಲಿ ಮೊದಲ ವರ್ಷ ಸಿಗುವುದು ಓರೆಯಾದ ಪಣತಿಗಳು.

ಹಾಗೆಂದು ಸಣ್ಣ ತರಗತಿಗಳನ್ನು ಹಗುರವಾಗಿ ಕಾಣಬೇಕಿಲ್ಲ. ಅರ್ಧ ದಿನ ಮಣ್ಣನ್ನು ನಡುವಿಗೆ ತರಲು ಹೆಣಗಿದವರು ಸಂತೆಯಲ್ಲಿ ಹರವಿಯ ಬೆಲೆಗೆ ಚೌಕಾಸಿ ಮಾಡುವ ಮುನ್ನ ಒಮ್ಮೆ ಯೋಚಿಸಿಯಾರು. ತರಗತಿ ನಡೆಸುವವರು ತಿಗರಿಯ ಜೊತೆಗೆ ಹಲಗೆ, ಗುಂಡುಕಲ್ಲುಗಳನ್ನೂ ಮುಂದಿಟ್ಟರೆ, ಆ ಊರಿನದೇ ಮಣ್ಣನ್ನು ತುಳಿಸಿದರೆ ಪಾಠ ಇನ್ನಷ್ಟು ಪೂರ್ತಿಯಾಗುತ್ತದೆ. ವಿದ್ಯುತ್ ತಿಗರಿ ಚಕ್ರವನ್ನು ತಿರುಗಿಸಿಕೊಡುತ್ತದೆ, ಗಡಿಗೆಯ ಹೊಟ್ಟೆಯನ್ನು ತಟ್ಟಿಕೊಡುವುದಿಲ್ಲ. ಸೇಡಂ ಸೀಮೆಯ ಮಣ್ಣಿನಲ್ಲಿ ಸುಣ್ಣದ ಹರಳು ಯಾವುದು, ಬರಿಯ ಗರಸು ಯಾವುದು ಎಂದು ಕಾಲಬೆರಳಿನಲ್ಲೇ ಗುರುತಿಸುವುದನ್ನು ಮಣ್ಣು ತುಳಿದವರೇ ಹೇಳಿಕೊಡಬೇಕು. ಆ ಕೆಲಸದಲ್ಲಿ ಹೆಚ್ಚು ಪಳಗಿದವರು, ತಿಗರಿ ಮುಟ್ಟಲು ಅಪ್ಪಣೆ ಸಿಗದೆ ಉಳಿದ ಹೆಂಗಸರೇ.