ಎರಡೂವರೆ ಲಕ್ಷ ಓಡಿದ ಗಾಡಿಯ ಚರಿತ್ರೆ ಓದೋದು ಹೇಗೆ?

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಮಾರುವ ಜಾಹೀರಾತುಗಳನ್ನು ಒಂದು ಗಂಟೆ ಕೂತು ನೋಡಿ. 2014ರ ಗಾಡಿ 88 ಸಾವಿರ ಕಿಲೋಮೀಟರ್ ಓಡಿರುತ್ತದೆ. 2012ರದ್ದು 92 ಸಾವಿರ. 2010ರದ್ದೂ 95 ಸಾವಿರವೇ! ಡೀಸೆಲ್ ಗಾಡಿ ತಗೊಳ್ಳೋದೇ ಜಾಸ್ತಿ ಓಡಿಸೋಕೆ. ಹಾಗಿದ್ದ ಮೇಲೆ ಇವರೆಲ್ಲ ಇಷ್ಟು ದೊಡ್ಡ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಪೂಜೆ ಮಾಡ್ತಾ ಇದ್ದರಾ? ವಿಷಯ ಸರಳ. ಒಂದು ಲಕ್ಷದ ಗೆರೆ ದಾಟಿದರೆ ಬೆಲೆ ಬೀಳುತ್ತದೆ. ಅದಕ್ಕೇ ಎಷ್ಟೋ ಗಾಡಿಗಳು ಆ ಗೆರೆಯ ಈಚೆಗೇ ನಿಂತುಬಿಡುತ್ತವೆ.

ಹಳೇ ಗಾಡಿ ತಗೊಳ್ಳೋದು ಅಂದರೆ ಒಂದು ಚರಿತ್ರೆ ಓದಿದ ಹಾಗೆ. ಆ ಚರಿತ್ರೆಗೆ ಮೀಟರ್ ಒಬ್ಬ ಸಾಕ್ಷಿ ಮಾತ್ರ, ಅದೂ ಸುಲಭವಾಗಿ ಮಾತು ಬದಲಿಸುವ ಸಾಕ್ಷಿ. ಉಳಿದ ಸಾಕ್ಷಿಗಳನ್ನು ಮಾತಾಡಿಸೋದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಈ ಮೀಟರಿನ ಕಥೆಯನ್ನೇ ಸ್ವಲ್ಪ ನೋಡಬೇಕು.

ಕಲ್ಲಿನಿಂದ ಚಿಪ್ಪಿನವರೆಗೆ

ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮಿನಲ್ಲಿ ವಿಟ್ರೂವಿಯಸ್ ಅನ್ನೋ ಎಂಜಿನಿಯರ್ ಇದ್ದ. ಗಾಡಿ ಎಷ್ಟು ದೂರ ಹೋಯಿತು ಅಂತ ಲೆಕ್ಕ ಇಡುವ ಒಂದು ಯಂತ್ರವನ್ನು ಅವನು ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಗಾಡಿಯ ಚಕ್ರ 400 ಸುತ್ತು ತಿರುಗಿದರೆ 5000 ಅಡಿ, ಅಂದರೆ ಒಂದು ರೋಮನ್ ಮೈಲಿ. ಆಗ ಹಲ್ಲಿನ ಚಕ್ರವೊಂದು ಮುಂದೆ ಸರಿದು, ಒಂದು ಕಲ್ಲು ಟಣ್ ಅಂತ ಕಂಚಿನ ಪಾತ್ರೆಗೆ ಬೀಳುತ್ತದೆ. ಸಂಜೆ ಕಲ್ಲು ಎಣಿಸಿದರೆ ಎಷ್ಟು ಮೈಲಿ ಬಂದೆವು ಅಂತ ಗೊತ್ತಾಗುತ್ತದೆ. ಚೀನಾದಲ್ಲೂ ಹಿಂದೆ ಇಂಥದ್ದೇ ಗಾಡಿ ಇತ್ತು. ಅಲ್ಲಿ ಕಲ್ಲಿನ ಬದಲು, ಪ್ರತಿ 'ಲೀ' ದೂರಕ್ಕೊಮ್ಮೆ ಮರದ ಗೊಂಬೆ ಡೋಲು ಬಾರಿಸುತ್ತಿತ್ತು.

ಈ ಯಂತ್ರ ಅಳೆಯೋದು ದೂರವನ್ನು ಮಾತ್ರ. ಗಾಡಿ ಎಷ್ಟು ಸವೆದಿದೆ ಅಂತ ಅಳೆಯೋದು ಅದರ ಕೆಲಸ ಆಗಿರಲೇ ಇಲ್ಲ. ಆದರೆ ಹಳೇ ಗಾಡಿಯ ಮಾರುಕಟ್ಟೆ ಬೆಳೆದ ಹಾಗೆ ಆ ದೂರದ ಅಂಕಿಯೇ ಬೆಲೆಯಾಯಿತು. ಅಂಕಿ ಬೆಲೆಯಾದ ಮೇಲೆ ಅದನ್ನು ತಿದ್ದುವವರೂ ಹುಟ್ಟಿಕೊಂಡರು. ಅಮೆರಿಕ 1972ರಲ್ಲೇ ಮೀಟರ್ ತಿದ್ದುವುದನ್ನು ಅಪರಾಧ ಮಾಡಿ ಕಾನೂನು ತಂದಿತು. ಆದರೂ 1987ರಲ್ಲಿ ಕ್ರೈಸ್ಲರ್‌ನಂಥ ದೊಡ್ಡ ಕಂಪನಿಯೇ ಸಿಕ್ಕಿಬಿತ್ತು. ಅದರ ಅಧಿಕಾರಿಗಳು ಹೊಸ ಕಾರುಗಳನ್ನು ಮೀಟರ್ ಕನೆಕ್ಷನ್ ತೆಗೆದು ಓಡಿಸಿದ್ದರು. ಆಮೇಲೆ ಅವೇ ಕಾರುಗಳು ಹೊಸದು ಅಂತ ಮಾರಾಟವಾಗಿದ್ದವು. ಮುಖ್ಯಸ್ಥ ಲೀ ಐಯಾಕೋಕಾ ಜನರ ಮುಂದೆ ಕ್ಷಮೆ ಕೇಳಬೇಕಾಯಿತು.

ಕೇಬಲ್ ಮೀಟರಿನ ಕಾಲದಲ್ಲಿ ಅಂಕಿ ಹಿಂದಕ್ಕೆ ಹಾಕೋಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಿತ್ತು, ಅಂಕಿಗಳು ಸೊಟ್ಟಗೆ ನಿಂತು ಗುಟ್ಟು ಬಿಟ್ಟುಕೊಡುತ್ತಿದ್ದವು. ಡಿಜಿಟಲ್ ಬಂದ ಮೇಲೆ ಅದೂ ಹೋಯಿತು. ಈಗ ಅಂಕಿ ಒಂದು ಮೆಮೊರಿ ಚಿಪ್ಪಿನಲ್ಲಿ ಇರುತ್ತದೆ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಬದಲಾಯಿಸುತ್ತಾರೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಆಡಿಟ್ ಲಾಗ್ ಇಲ್ಲದ ಡೇಟಾಬೇಸಿಗೆ ದಾರಿಯಲ್ಲಿ ಹೋಗೋರಿಗೆಲ್ಲ ರೈಟ್ ಪರ್ಮಿಷನ್ ಕೊಟ್ಟ ಹಾಗೆ. ಬೆಲ್ಜಿಯಂ ಇದಕ್ಕೆ ಸರಿಯಾದ ಮದ್ದು ಕಂಡುಕೊಂಡಿತು. 2006ರಿಂದ ಅಲ್ಲಿ ಕಾರ್-ಪಾಸ್ ಅನ್ನೋ ವ್ಯವಸ್ಥೆ ಇದೆ. ಗಾಡಿ ಯಾವ ಗ್ಯಾರೇಜಿಗೆ ಹೋದರೂ ಅವತ್ತಿನ ಮೀಟರ್ ರೀಡಿಂಗ್ ಒಂದು ಕೇಂದ್ರ ದಾಖಲೆಗೆ ಸೇರಬೇಕು. ನಮ್ಮಲ್ಲಿ ಅಂಥದ್ದಿಲ್ಲ. ಆ ದಾಖಲೆಯನ್ನು ನಾವೇ ಹುಡುಕಿ ಜೋಡಿಸಬೇಕು.

ದೊಡ್ಡ ಗಾಡಿಗಳು ಎಲ್ಲಿಂದ ಬರುತ್ತವೆ?

1994ರಲ್ಲಿ ಟಾಟಾ ಸುಮೊ ಬಂತು. ನಮ್ಮ ತಿಪಟೂರಿನ ಕಡೆ ಮದುವೆ ದಿಬ್ಬಣಕ್ಕೂ ಸುಮೊ, ಧರ್ಮಸ್ಥಳಕ್ಕೂ ಸುಮೊ, ರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆಗೂ ಅದೇ ಸುಮೊ. 2000ದಲ್ಲಿ ಟೊಯೊಟಾ ತನ್ನ ಬಿಡದಿ ಕಾರ್ಖಾನೆಯಿಂದ ಕ್ವಾಲಿಸ್ ತಂದಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಶುರುವಾಗಿದ್ದವು. ರಾತ್ರಿ ಪಾಳಿಯವರನ್ನು ಮನೆಯಿಂದ ಕರೆತಂದು ಬೆಳಗ್ಗೆ ಬಿಡೋಕೆ ಸುಮೊ, ಕ್ವಾಲಿಸ್‌ಗಳೇ ಬೇಕಾದವು. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಇನ್ನೋವಾ ಬಂತು. ಪುಸ್ತಕದ ಪ್ರಕಾರ ಇನ್ನೋವಾ ಎಂಪಿವಿ, ಆದರೆ ಊರಿನ ಕಡೆ ಇವೆಲ್ಲಕ್ಕೂ ಒಂದೇ ಹೆಸರು: ದೊಡ್ಡ ಗಾಡಿ.

ಈ ಇತಿಹಾಸ ಯಾಕೆ ಮುಖ್ಯ ಅಂದರೆ, ಇವತ್ತು ಮಾರಾಟಕ್ಕಿರುವ ಎಷ್ಟೋ ದೊಡ್ಡ ಗಾಡಿಗಳು ಒಂದು ಕಾಲದಲ್ಲಿ ಹಳದಿ ಬೋರ್ಡ್ ಹೊತ್ತು ದುಡಿದವು. ದಿನಕ್ಕೆ 200 ಕಿಲೋಮೀಟರ್, ವರ್ಷಕ್ಕೆ 300 ದಿನ ಅಂದರೂ ವರ್ಷಕ್ಕೆ 60 ಸಾವಿರ ಆಯಿತು. ನಾಲ್ಕೇ ವರ್ಷಕ್ಕೆ 2.4 ಲಕ್ಷ. ಆಮೇಲೆ ಪರ್ಮಿಟ್ ಸರೆಂಡರ್ ಮಾಡಿ, ತೆರಿಗೆ ಕಟ್ಟಿ, ವೈಟ್ ಬೋರ್ಡ್ ಮಾಡಿಸುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಮುಚ್ಚಿಟ್ಟು ಮಾರೋದು ತಪ್ಪು.

ಇನ್ನೊಂದು ಹೊಳೆ ಉತ್ತರದಿಂದ ಬಂತು. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 10 ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದು ಅಂತ ಆದೇಶ ಮಾಡಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಕಳೆದುಕೊಂಡ ಗಾಡಿಗಳು ಬೇರೆ ರಾಜ್ಯಗಳ ದಾರಿ ಹಿಡಿದವು. ಇನ್ನು 2015ರ ಡಿಸೆಂಬರಿನ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ನಮ್ಮ ಔಟರ್ ರಿಂಗ್ ರೋಡೇ ಕೆರೆಯಾದದ್ದು ನಿಮಗೇ ನೆನಪಿರಬಹುದು. ಆ ನೀರಲ್ಲಿ ನಿಂತ ಗಾಡಿಗಳೂ ಎಲ್ಲೋ ಒಂದು ಕಡೆ ತೊಳೆದು ಒರೆಸಿಕೊಂಡು ಮಾರಾಟಕ್ಕೆ ಬಂದೇ ಬರುತ್ತವೆ.

ತಾಮ್ರಪಟ ಪರೀಕ್ಷೆ ಮಾಡಿದವರ ದಾರಿ

ಕರ್ನಾಟಕದ ಇತಿಹಾಸಕಾರರು ಇಂಥದ್ದೇ ತೊಡಕನ್ನು ನೂರು ವರ್ಷದ ಹಿಂದೆ ಎದುರಿಸಿದ್ದರು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಸಿಕ್ಕಾಗ, ಇವುಗಳಲ್ಲಿ ಹಲವು ಕೂಟಶಾಸನಗಳು, ಅಂದರೆ ಆಮೇಲೆ ಯಾರೋ ಬರೆಸಿದ ನಕಲಿಗಳು ಅಂತ ಜೆ.ಎಫ್. ಫ್ಲೀಟ್ ವಾದಿಸಿದರು. ಬಿ.ಎಲ್. ರೈಸ್ ಒಪ್ಪಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು. ಅದರಿಂದ ಗೊತ್ತಾಗುವ ಪರೀಕ್ಷೆಯ ವಿಧಾನ ಮಾತ್ರ ಸ್ಪಷ್ಟ. ಶಾಸನದಲ್ಲಿ ಬರೆದ ಇಸವಿಯನ್ನು ಹಾಗೇ ನಂಬಬೇಡ. ಅಕ್ಷರದ ರೂಪ ಆ ಕಾಲದ್ದಾ ನೋಡು, ತಿಥಿ ವಾರ ಹೊಂದುತ್ತಾ ನೋಡು. ನಕಲಿ ಮಾಡುವವನು ಇಸವಿ ಬರೆಯಬಲ್ಲ, ಎಲ್ಲ ಕಡೆಯೂ ಹಳೇ ಕಾಲವನ್ನು ತರೋಕೆ ಆಗಲ್ಲ.

ಗಾಡಿಗೂ ಇದೇ ಲೆಕ್ಕ. ನಮ್ಮ ಚಿಕ್ಕಪ್ಪನಿಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗಿಬರೋಕೆ 140 ಕಿಲೋಮೀಟರ್, ವರ್ಷಕ್ಕೆ ಹತ್ತಿರ ಹತ್ತಿರ 22 ಸಾವಿರ. ಬರೋವಾಗ ಅವರು ಮಲಗಿಕೊಂಡೇ ಬರಬೇಕು, ಕೊನೆಯ ಎರಡು ಕಿಲೋಮೀಟರ್ ತೋಟದ ಮಣ್ಣಿನ ರಸ್ತೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ಹಳೇ ಇನ್ನೋವಾ ತಗೊಳ್ಳೋದು ಅಂತಾಯಿತು. ಈ ಗಾಡಿ ದಾರಿಯಲ್ಲಿ ನಿಂತರೆ ಟೋಯಿಂಗಿಗೆ ಫೋನ್ ಮಾಡಿ ಕಾಫಿ ಕುಡಿಯುತ್ತಾ ಕಾಯುವ ಹಾಗಿಲ್ಲ.

ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ಯಾರ್ಡಿನಲ್ಲಿ 2013ರ ಗಾಡಿ ಹುಡುಕಿದ್ದ. "ಅಣ್ಣಾ, ಬರೀ ತೊಂಬತ್ತೆಂಟು ಸಾವ್ರ ಓಡೈತೆ" ಅಂತ ಖುಷಿಯಲ್ಲಿದ್ದ. ಹೋಗಿ ನೋಡಿದೆವು. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, ಕ್ಲಚ್ಚಿನದ್ದು ಮಾತ್ರ ಹೊಚ್ಚ ಹೊಸದು. ಹಿಂದಿನ ಬಂಪರಿನ ಮೇಲೆ ರೇಡಿಯಂ ಪಟ್ಟಿ ಕಿತ್ತ ಗುರುತು. ಡ್ರೈವರ್ ಬಾಗಿಲ ಕಂಬದ ಮೇಲೆ ಆಯಿಲ್ ಬದಲಾಯಿಸಿದವರು ಅಂಟಿಸಿದ ಒಂದು ಸಣ್ಣ ಸ್ಟಿಕರ್, ಅದರಲ್ಲಿ 'ಮುಂದಿನ ಸರ್ವಿಸ್ 2,10,000'. ಕೇಳಿದರೆ ಯಾರ್ಡಿನವರು "ಅದು ಬೇರೆ ಗಾಡಿ ಸ್ಟಿಕರ್ ಸಾರ್" ಅಂದರು. ನಾವು ಟೀ ಕುಡಿದು ವಾಪಸ್ ಬಂದೆವು.

ಹಾಗಾದರೆ ಏನೇನು ನೋಡಬೇಕು?

ಮೊದಲು ಕಾಗದ. ವಾಹನ್ ಪೋರ್ಟಲಿನಲ್ಲಿ ಎಷ್ಟನೇ ಓನರ್, ಸಾಲ ತೀರಿದೆಯಾ, ಫಿಟ್‌ನೆಸ್ ಎಲ್ಲಿವರೆಗಿದೆ ನೋಡಿ. ಬೇರೆ ರಾಜ್ಯದ್ದಾದರೆ ಎನ್‌ಒಸಿ ಮತ್ತು ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿಯ ಸರ್ವಿಸ್ ಹಿಸ್ಟರಿ ತೆಗೆಸಿ. ತಾರೀಖು ಮುಂದೆ ಹೋದ ಹಾಗೆ ಕಿಲೋಮೀಟರೂ ಮುಂದೆ ಹೋಗಿರಬೇಕು, ಎಲ್ಲಾದರೂ ಹಿಂದಕ್ಕೆ ಜಾರಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಸರ್ವಿಸ್ ದಾಖಲೆ ಇದ್ದಕ್ಕಿದ್ದಂತೆ ನಿಂತ ವರ್ಷದಿಂದಾಚೆ ಏನಾಯಿತು ಅಂತ ಕೇಳಿ. ಕೆಲವು ಗಾಡಿಗಳಲ್ಲಿ ಮೀಟರಿನ ಲೆಕ್ಕ ಬೇರೆ ಕಂಟ್ರೋಲ್ ಯೂನಿಟ್ಟಿನಲ್ಲೂ ಉಳಿದಿರುತ್ತದೆ, ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅದನ್ನು ಓದಬಲ್ಲ.

ಆಮೇಲೆ ಮೈ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಎಲ್ಲ ಗಾಜುಗಳ ಮೇಲಿನ ಇಸವಿ ಒಂದೇ ಆಸುಪಾಸಿನಲ್ಲಿರಬೇಕು, ಒಂದು ಬೇರೆ ಇದ್ದರೆ ಯಾಕೆ ಬದಲಾಯಿತು ಅಂತ ಕೇಳಿ. ಕಾರ್ಪೆಟ್ ಎತ್ತಿ ನೋಡಿ. ಸೀಟಿನ ಹಳಿಗೆ ತುಕ್ಕು, ಮೂಲೆಯಲ್ಲಿ ಒಣಗಿದ ಕೆಸರು ಕಂಡರೆ ಅದು ನೀರು ಕಂಡ ಗಾಡಿ. ಕೆಳಗೆ ಬಗ್ಗಿ ಚಾಸಿ ನೋಡಿ. ಸುಮೊ, ಇನ್ನೋವಾ, ಬೊಲೆರೊಗಳಲ್ಲಿ ಏಣಿಯಂಥ ಚಾಸಿಯೇ ಬೆನ್ನುಮೂಳೆ. ಅದರಲ್ಲಿ ಹೊಸ ವೆಲ್ಡಿಂಗ್, ಬಾಗಿದ ಗುರುತು ಇರಬಾರದು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ತುಕ್ಕನ್ನು ಇನ್ನೂ ಹುಷಾರಾಗಿ ನೋಡಿ. ಚಾಸಿ ನಂಬರ್ ಆರ್‌ಸಿಯ ಜತೆ ಹೊಂದಲೇಬೇಕು.

ಕೊನೆಗೆ ಎಂಜಿನ್. ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಅಥವಾ ಇಂಜೆಕ್ಟರ್ ಕಡೆ ತೊಂದರೆ, ದಟ್ಟ ಕಪ್ಪು ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆದರೆ ಸ್ವಲ್ಪ ಆವಿ ಬರೋದು ಸಹಜ, ರಭಸವಾಗಿ ಗಾಳಿ ನುಗ್ಗಿ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಏರು ರಸ್ತೆಯಲ್ಲಿ ದೊಡ್ಡ ಗೇರಿನಲ್ಲಿ ಒತ್ತಿ: ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಳೇ ಇನ್ನೋವಾದಂಥ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ, ಅದು ಓಡುವಾಗ ತುಂಡಾದರೆ ಎಂಜಿನ್ನೇ ಹೋಗುತ್ತದೆ. 2020ರ ಏಪ್ರಿಲ್ ಆದಮೇಲಿನ ಬಿಎಸ್-6 ಡೀಸೆಲ್ ಗಾಡಿಯಾದರೆ ಡಿಪಿಎಫ್ ವಿಚಾರಿಸಿ. ಬರೀ ಟ್ರಾಫಿಕ್ಕಿನಲ್ಲಿ ಓಡಿದ ಗಾಡಿಯಲ್ಲಿ ಆ ಫಿಲ್ಟರ್ ಮಸಿ ಕಟ್ಟಿಕೊಂಡು ಕೂತಿರುತ್ತದೆ.

ಗಂಟೆಯ ಲೆಕ್ಕ

ಊರಲ್ಲಿ ಹಳೇ ಟ್ರ್ಯಾಕ್ಟರ್ ಕೊಳ್ಳುವವರು ಎಷ್ಟು ಕಿಲೋಮೀಟರ್ ಅಂತ ಕೇಳಲ್ಲ, "ಎಷ್ಟು ಗಂಟೆ ಓಡೈತೆ?" ಅಂತಾರೆ. ಟ್ರ್ಯಾಕ್ಟರಿನ ಮೀಟರ್ ಗಂಟೆ ಎಣಿಸುತ್ತದೆ. ನಮ್ಮ ರೈತರ ಈ ಪ್ರಶ್ನೆಯನ್ನು ಎಸ್‌ಯುವಿಗೂ ಹಾಕಿ ನೋಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ 1 ಲಕ್ಷ ಓಡಿದ ಗಾಡಿಯ ಎಂಜಿನ್ 5000 ಗಂಟೆ ದುಡಿದಿದೆ. ಹೈವೇಯಲ್ಲಿ ಗಂಟೆಗೆ 60ರಂತೆ 2.4 ಲಕ್ಷ ಓಡಿದ್ದು ದುಡಿದದ್ದು 4000 ಗಂಟೆ. ಕ್ಲಚ್, ಗೇರ್, ಬ್ರೇಕ್ ಸವೆತದ ಲೆಕ್ಕ ಹಾಕಿದರೆ ಅಂತರ ಇನ್ನೂ ಜಾಸ್ತಿ. ಮೀಟರಿನಲ್ಲಿ ಹೆಚ್ಚು ಕಾಣುವ ಗಾಡಿಯೇ ಹೆಚ್ಚು ಗಟ್ಟಿಯಾಗಿರಬಹುದು.

ಚಿಕ್ಕಪ್ಪನ ಮನೆಗೆ ಕೊನೆಗೆ ಬಂದದ್ದು ಹಾಸನದ ಕಡೆಯ ಕಂಟ್ರಾಕ್ಟರೊಬ್ಬರ 2014ರ ಗಾಡಿ. ಒಬ್ಬರೇ ಓನರ್, 2,46,000 ಕಿಲೋಮೀಟರ್, ಹೆಚ್ಚಿನದೆಲ್ಲ ಹಾಸನ-ಬೆಂಗಳೂರು ಹೈವೇಯಲ್ಲಿ ಓಡಿದ್ದು. ಅವರು ಗಾಡಿಯ ಜತೆ ಒಂದು ದಪ್ಪ ಫೈಲ್ ಕೊಟ್ಟರು: ಪ್ರತಿ ಸರ್ವಿಸಿನ ಬಿಲ್, ಟೈಮಿಂಗ್ ಬೆಲ್ಟಿನ ಬಿಲ್, ಇನ್ಶೂರೆನ್ಸ್ ಪೇಪರ್. ಕ್ಲಚ್ಚು, ಸಸ್ಪೆನ್ಷನ್ ಬುಶ್‌ಗಳನ್ನು ಬದಲಾಯಿಸಬೇಕಾಯಿತು. ಆ ಖರ್ಚು ನಮಗೆ ಮೊದಲೇ ಗೊತ್ತಿತ್ತು, ಬೆಲೆ ಮಾತಾಡುವಾಗಲೇ ಕಳೆದಿದ್ದೆವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಐದು ಗಂಟೆಗೆ ಅದು ತುಮಕೂರಿಗೆ ಹೊರಡುತ್ತದೆ.

ಹಾಗಾಗಿ 90 ಸಾವಿರದ, ಕಾಗದ ಇಲ್ಲದ ಗಾಡಿ ಮತ್ತು ಎರಡೂವರೆ ಲಕ್ಷದ, ಫೈಲ್ ಇರುವ ಗಾಡಿ ಎರಡೂ ಎದುರಿಗಿದ್ದರೆ, ಫೈಲ್ ಇರುವುದರ ಬಾನೆಟ್ಟನ್ನು ಮೊದಲು ತೆಗೆಸಿ. ನಿಮ್ಮ ಹತ್ತಿರ ಈಗಾಗಲೇ ಗಾಡಿ ಇದ್ದರೆ ಅದರ ಬಿಲ್ಲುಗಳನ್ನು ಇವತ್ತಿನಿಂದಲೇ ಒಂದು ಫೈಲಿಗೆ ಹಾಕಿಡಿ. ಮುಂದೆ ಅದನ್ನು ಕೊಳ್ಳುವವರ ಮನೆಯಲ್ಲೂ ಯಾರೋ ಒಬ್ಬರು ಬೆಳಗ್ಗೆ ಐದಕ್ಕೆ ಹೊರಡಬೇಕಾದವರು ಇರಬಹುದು.