ಲಾಟನ್ ನಿರ್ದೇಶಿಸಿದ ಒಂದೇ ಚಿತ್ರ

ನಟನಾಗಿ ಹೆಸರು ಗಳಿಸಿದವನು ಕ್ಯಾಮರಾದ ಮುಂದಿನಿಂದ ಎದ್ದು ಅದರ ಹಿಂದೆ ಹೋಗಿ ನಿಂತನೆಂದರೆ, ಪ್ರೇಕ್ಷಕರಲ್ಲಿ ಒಂದು ಬಗೆಯ ಸಂಶಯ ತಲೆಯೆತ್ತುತ್ತದೆ. ಚಿತ್ರ ಕೆಟ್ಟಿತೋ, ‘ಇವನಿಗೇಕೆ ಬೇಕಿತ್ತು ಈ ಉಸಾಬರಿ?’ ಎನ್ನುತ್ತಾರೆ. ಚೆನ್ನಾಗಿ ಬಂದಿತೋ, ‘ಇದು ನಿಜವಾಗಿ ಇವನ ಕೈಕೆಲಸವೇ? ಛಾಯಾಗ್ರಾಹಕ ಯಾರು? ಚಿತ್ರಕಥೆ ಬರೆದವರು ಯಾರು?’ ಎಂದು ವಿಚಾರಣೆಗೆ ತೊಡಗುತ್ತಾರೆ. ಈ ಎರಡು ಬಗೆಯ ಮಾತಿಗೂ ಒಂದಾದಮೇಲೊಂದರಂತೆ ಗುರಿಯಾದ ಚಿತ್ರವೊಂದಿದೆ. ಅದು 1955ರಲ್ಲಿ ಅಮೆರಿಕದಲ್ಲಿ ತೆರೆಗೆ ಬಂದ ‘ದಿ ನೈಟ್ ಆಫ್ ದಿ ಹಂಟರ್’, ಬೇಟೆಗಾರನ ರಾತ್ರಿ. ನಿರ್ದೇಶಿಸಿದವನು ನಟ ಚಾರ್ಲ್ಸ್ ಲಾಟನ್. ಅದು ಅವನ ಮೊದಲನೆಯ ಚಿತ್ರ, ಕೊನೆಯದೂ ಹೌದು.

ಲಾಟನ್ 1899ರಲ್ಲಿ ಇಂಗ್ಲೆಂಡಿನ ಸ್ಕಾರ್ಬರೊ ಎಂಬ ಕಡಲತೀರದ ಊರಿನಲ್ಲಿ ಹೋಟೆಲು ನಡೆಸುತ್ತಿದ್ದವರ ಮನೆಯಲ್ಲಿ ಹುಟ್ಟಿದವನು. ಸ್ಥೂಲಕಾಯ, ಜೋಲು ತುಟಿ. ಚೆಲುವ ನಾಯಕನ ಪಾತ್ರಕ್ಕೆ ಎಂದೂ ಒಗ್ಗದ ಮುಖ. ಅದೇ ಮುಖವನ್ನು ಬಂಡವಾಳ ಮಾಡಿಕೊಂಡು ಆತ ಎಂಟನೆಯ ಹೆನ್ರಿಯ ಪಾತ್ರಕ್ಕೆ ಆಸ್ಕರ್ ಬಹುಮಾನ ಪಡೆದ (ಆ ಚಿತ್ರ 1933ರದು). 1935ರಲ್ಲಿ ಬೌಂಟಿ ಹಡಗಿನ ಕ್ರೂರ ಕಪ್ತಾನ ಬ್ಲೈ ಆದ. 1939ರಲ್ಲಿ ನೋತ್ರ್ ದಾಮ್ ಚರ್ಚಿನ ಗೂನುಬೆನ್ನಿನವನಾಗಿ ಜನರನ್ನು ಅಳಿಸಿದ. ಆಮೇಲೆ ಹಾಲಿವುಡ್ಡಿನಲ್ಲಿ ಅವನಿಗೆ ತಕ್ಕ ಪಾತ್ರಗಳು ಅಪರೂಪವಾದವು. ಯುದ್ಧಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಪುಸ್ತಕ ಓದಿ ಹೇಳುತ್ತಿದ್ದವನು ಮುಂದೆ ಅದನ್ನೇ ಒಂದು ಕಲೆಯಾಗಿ ಬೆಳೆಸಿದ. ವೇಷವಿಲ್ಲ, ಪರದೆಯಿಲ್ಲ, ಕೈಯಲ್ಲಿ ನಾಲ್ಕು ಪುಸ್ತಕ. ಊರಿಂದೂರಿಗೆ ಹೋಗಿ ಬೈಬಲ್ಲನ್ನೂ ಡಿಕನ್ಸನನ್ನೂ ಸಭೆಯ ಮುಂದೆ ಓದುತ್ತಿದ್ದ. ರಾಗದ ಹಂಗಿಲ್ಲದ ಗಮಕವಾಚನ ಎನ್ನೋಣ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಚಿತ್ರದ ಗುಟ್ಟು ಬಹುಮಟ್ಟಿಗೆ ಇದರಲ್ಲಿದೆಯೆಂದು ನನಗೆ ತೋರುತ್ತದೆ.

ಈ ವಾಚನಯಾತ್ರೆಗಳನ್ನು ಏರ್ಪಡಿಸುತ್ತಿದ್ದವನು ಪಾಲ್ ಗ್ರೆಗೊರಿ. ಅವನಿಗಾಗಿ ಲಾಟನ್ ರಂಗಭೂಮಿಯಲ್ಲಿ ಕೆಲವು ನಾಟಕಗಳನ್ನೂ ನಿರ್ದೇಶಿಸಿದ್ದ. ಆದ್ದರಿಂದ ನಿರ್ದೇಶನಕ್ಕೆ ಆತ ಪೂರ್ತಿ ಹೊಸಬನಲ್ಲ, ಸಿನಿಮಾಕ್ಕೆ ಮಾತ್ರ ಹೊಸಬ. 1953ರಲ್ಲಿ ಡೇವಿಸ್ ಗ್ರಬ್ ಎಂಬಾತನ ಕಾದಂಬರಿ ಇವರಿಬ್ಬರ ಕಣ್ಣಿಗೆ ಬಿತ್ತು. ಪಶ್ಚಿಮ ವರ್ಜೀನಿಯದಲ್ಲಿ ಹ್ಯಾರಿ ಪವರ್ಸ್ ಎಂಬವನು ಪತ್ರವ್ಯವಹಾರದಿಂದ ವಿಧವೆಯರ ಸ್ನೇಹ ಸಂಪಾದಿಸಿ, ಮದುವೆಯ ಆಸೆ ಹುಟ್ಟಿಸಿ ಕೊಲೆ ಮಾಡಿ, 1932ರಲ್ಲಿ ಗಲ್ಲಿಗೇರಿದ್ದ. ಆ ಸುದ್ದಿಯ ಎಳೆಯನ್ನು ಹಿಡಿದು ಹೆಣೆದ ಕಥೆ ಅದು.

ಕಥೆ ಹೀಗಿದೆ: ಆರ್ಥಿಕ ಮುಗ್ಗಟ್ಟಿನ ದಿನಗಳು, ಓಹಾಯೊ ನದಿಯ ದಂಡೆ. ಬಡತನ ತಾಳಲಾರದೆ ಬ್ಯಾಂಕು ದೋಚಿ ಇಬ್ಬರನ್ನು ಕೊಂದ ತಂದೆಯೊಬ್ಬ, 10,000 ಡಾಲರುಗಳನ್ನು ಪುಟ್ಟ ಮಗಳ ಬಟ್ಟೆಬೊಂಬೆಯೊಳಗೆ ಅಡಗಿಸಿ, ಬಾಯಿಬಿಡಬಾರದೆಂದು ಮಕ್ಕಳಿಂದ ಆಣೆ ಹಾಕಿಸಿಕೊಂಡು ನೇಣಿಗೆ ಹೋಗುತ್ತಾನೆ. ಜೈಲಿನಲ್ಲಿ ಅವನ ಜೊತೆಗಿದ್ದ ಕಪಟ ಪಾದ್ರಿ ಹ್ಯಾರಿ ಪೊವೆಲ್ ಈ ಹಣದ ವಾಸನೆ ಹಿಡಿದು ಬರುತ್ತಾನೆ. ಒಂದು ಕೈಯ ಬೆರಳುಗಳ ಮೇಲೆ ‘ಪ್ರೀತಿ’, ಇನ್ನೊಂದರ ಮೇಲೆ ‘ದ್ವೇಷ’ ಎಂದು ಹಚ್ಚೆ. ವಿಧವೆಯನ್ನು ಮದುವೆಯಾಗುತ್ತಾನೆ, ಕೊಲ್ಲುತ್ತಾನೆ, ದೋಣಿಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಹೊಳೆಯುದ್ದಕ್ಕೂ ಬೆನ್ನಟ್ಟುತ್ತಾನೆ. ಕೊನೆಗೆ, ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಮುದುಕಿಯೊಬ್ಬಳು ಕೋವಿ ಹಿಡಿದು ಅವನಿಗೆ ಅಡ್ಡ ನಿಲ್ಲುತ್ತಾಳೆ. ಪಾದ್ರಿಯ ಪಾತ್ರ ರಾಬರ್ಟ್ ಮಿಚಮ್‌ನದು. ವಿಧವೆಯಾಗಿ ಶೆಲಿ ವಿಂಟರ್ಸ್. ಮುದುಕಿಯಾಗಿ ಮೂಕಿ ಚಿತ್ರಗಳ ಕಾಲದ ಮಹಾನಟಿ ಲಿಲಿಯನ್ ಗಿಶ್.

1954ರ ಶರತ್ಕಾಲದಲ್ಲಿ 36 ದಿನಗಳಲ್ಲಿ, ಸುಮಾರು 8 ಲಕ್ಷ ಡಾಲರುಗಳಲ್ಲಿ ಚಿತ್ರೀಕರಣ ಮುಗಿಯಿತು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಮಿತವ್ಯಯವೇ. ಆದರೂ ಹಣ ಹುಟ್ಟಲಿಲ್ಲ. ವಿತರಕರಾದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯ ಕೈಯಲ್ಲಿ ಅದೇ ವರ್ಷ ಮಿಚಮ್‌ನದೇ ಇನ್ನೊಂದು ಭಾರಿ ಚಿತ್ರವಿತ್ತು; ಪ್ರಚಾರದ ಭರಾಟೆ ಅದಕ್ಕೆ ಮೀಸಲಾಯಿತು. ಜನ ಆಗ ಬಣ್ಣಕ್ಕೂ ಅಗಲ ತೆರೆಗೂ ಮನಸೋತಿದ್ದರು. ಲಾಟನ್ ಕೊಟ್ಟದ್ದು ಕಪ್ಪು ಬಿಳುಪಿನ ಚಿತ್ರ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕುಟುಂಬಗಳಿಗೆ, ಬೈಬಲ್ ಹಿಡಿದು ಕೊಲೆ ಮಾಡುವ ಪಾದ್ರಿಯನ್ನು ನೋಡುವುದೇ ಒಂದು ಇರಸುಮುರಸು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಾಸ್ಲಿ ಕ್ರೌದರ್ ಮೊದಲಾದ ವಿಮರ್ಶಕರು ಪೂರ್ತಿ ತಳ್ಳಿಹಾಕಲಿಲ್ಲ, ಪೂರ್ತಿ ಒಪ್ಪಿಕೊಳ್ಳಲೂ ಇಲ್ಲ.

ಅಂದಿನ ಆಕ್ಷೇಪಗಳಲ್ಲಿ ಗಟ್ಟಿಯಾದುದು ಇದು: ಚಿತ್ರಕ್ಕೆ ಒಂದು ನೆಲೆಯಿಲ್ಲ. ಹೆದರಬೇಕಾದ ಕಡೆ ನಗು ಬರುತ್ತದೆ. ನೆಲಮಾಳಿಗೆಯ ಮೆಟ್ಟಿಲಲ್ಲಿ ಮಕ್ಕಳ ಹಿಂದೆ ಓಡುವ ಪಾದ್ರಿ ಎರಡೂ ಕೈ ಮುಂದೆ ಚಾಚಿ, ಚಿಕ್ಕ ಮಕ್ಕಳನ್ನು ಹೆದರಿಸುವ ಗುಮ್ಮನಂತೆ ಬರುತ್ತಾನೆ. ಮುದುಕಿಯ ಗುಂಡು ತಗುಲಿದಾಗ ಪೆಟ್ಟು ತಿಂದ ನಾಯಿಯಂತೆ ಕುಂಯ್ಗುಟ್ಟುತ್ತ ಕೊಟ್ಟಿಗೆಗೆ ಓಡುತ್ತಾನೆ. ಇಂಥ ಕೊಲೆಗಾರನುಂಟೆ? ನಿಜ ಜೀವನದಲ್ಲಿ ಇಲ್ಲ. ಆದರೆ ಯಕ್ಷಗಾನದ ಬಣ್ಣದ ವೇಷ ಕಂಡವರಿಗೆ ಈ ಪ್ರಶ್ನೆ ತೊಡಕಾಗಬಾರದು. ಅಲ್ಲಿ ರಕ್ಕಸನು ಮಕ್ಕಳನ್ನು ಬೆಚ್ಚಿಬೀಳಿಸಿ ಮರುಕ್ಷಣದಲ್ಲೇ ನಗಿಸುತ್ತಾನೆ. ಯಾರೂ ಅದನ್ನು ರಸಭಂಗವೆನ್ನುವುದಿಲ್ಲ. ಲಾಟನ್ ಹೇಳುತ್ತಿದ್ದುದು ಅಪರಾಧದ ವರದಿಯಲ್ಲ, ಅಡಗೂಲಜ್ಜಿಯ ಕಥೆ. ಚಿತ್ರ ಆರಂಭವಾಗುವುದೇ ನಕ್ಷತ್ರಗಳ ನಡುವೆ ಮುದುಕಿಯ ಮುಖ ಮೂಡಿ, ಮಕ್ಕಳಿಗೆ ಬೈಬಲ್ಲಿನ ಮಾತು ಹೇಳುವುದರಿಂದ. ವರ್ಷಗಟ್ಟಲೆ ಸಭೆಗೆ ಓದಿ ಹೇಳಿದವನು ಕ್ಯಾಮರಾದಿಂದಲೂ ಅದನ್ನೇ ಮಾಡಿದ.

ಹೀಗೆ ನೋಡಿದರೆ ಆತನ ರಂಗಚಾತುರ್ಯಗಳಿಗೆ ಅರ್ಥ ಬರುತ್ತದೆ. ಹುಡುಗ ಜಾನ್ ಹುಲ್ಲಟ್ಟದಲ್ಲಿ ಮಲಗಿದ್ದಾನೆ. ದೂರದಿಂದ ಭಕ್ತಿಗೀತೆ ಕೇಳುತ್ತದೆ. ದಿಗಂತದಲ್ಲಿ ಕುದುರೆಯೇರಿದ ಕರಿಯ ಆಕೃತಿ ನಿಧಾನವಾಗಿ ಸಾಗುತ್ತದೆ. ಇದನ್ನು ತೆಗೆದುದು ಸ್ಟುಡಿಯೋದ ನಾಲ್ಕು ಗೋಡೆಯೊಳಗೆ. ದೂರದ ಭ್ರಮೆ ಬರಲೆಂದು ಕುಳ್ಳನೊಬ್ಬನನ್ನು ಪುಟ್ಟ ತಟ್ಟುವಿನ ಮೇಲೆ ಕೂರಿಸಿದ್ದರು. ಕೊಲೆ ನಡೆಯುವ ಮಲಗುವ ಕೋಣೆಯ ಚಾವಣಿ ಚರ್ಚಿನ ಗೋಪುರದಂತೆ ಚೂಪಾಗಿ ಮೇಲೇರುತ್ತದೆ, ಸುತ್ತ ಕತ್ತಲು. ನದಿಯ ತಳದಲ್ಲಿ ಮೋಟಾರುಗಾಡಿಯೊಳಗೆ ಕುಳಿತ ಹೆಣದ ಕೂದಲು ನೀರುಪಾಚಿಯ ಜೊತೆಗೆ ತೊನೆಯುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ಅಲ್ಲಿದ್ದುದು ಮೇಣದ ಮುಖದ ಬೊಂಬೆ. ಮಕ್ಕಳ ದೋಣಿ ಹರಿದುಹೋಗುವಾಗ ದಂಡೆಯ ಕಪ್ಪೆ, ಆಮೆ, ಮೊಲ, ಜೇಡರಬಲೆಗಳು ತೆರೆಯ ಮುಂದೆ ದೊಡ್ಡದಾಗಿ ಕಾಣುತ್ತವೆ. ಚಿಕ್ಕಂದಿನಲ್ಲಿ ನಮಗೆ ಲೋಕ ಕಂಡಿದ್ದೂ ಹಾಗೆಯೇ ಅಲ್ಲವೆ?

ಜನ ಮೆಚ್ಚದ ಕಾಲ ಕಳೆದು, ಮೆಚ್ಚುವ ಕಾಲ ಬಂದಾಗ ಎರಡನೆಯ ವಾದ ಹುಟ್ಟಿತು: ಈ ಚಿತ್ರ ಯಾರದು? ಛಾಯಾಗ್ರಾಹಕ ಸ್ಟ್ಯಾನ್ಲಿ ಕಾರ್ಟೆಜ್‌ನದು ಎಂದರು ಕೆಲವರು. ಆರ್ಸನ್ ವೆಲ್ಸ್‌ನ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ಗೆ (1942) ಬೆಳಕು ಹಿಡಿದವನು ಇವನೇ. ಮಿಚಮ್‌ನಂಥ ನಟ ಸಿಕ್ಕಿದ್ದೇ ಭಾಗ್ಯ ಎಂದರು ಇನ್ನು ಕೆಲವರು. ಚಿತ್ರಕಥೆಯ ವಿಷಯದಲ್ಲಂತೂ ಜಗಳ ವಿಚಿತ್ರ. ಬರೆದವನೆಂದು ಹೆಸರಿರುವುದು ಜೇಮ್ಸ್ ಏಜೀಯದು. ಕವಿ, ಕಾದಂಬರಿಕಾರ, ಅಮೆರಿಕದ ಶ್ರೇಷ್ಠ ಚಿತ್ರವಿಮರ್ಶಕರಲ್ಲೊಬ್ಬ. ಚಿತ್ರ ಬಿಡುಗಡೆಯಾಗುವ ಮೊದಲೇ, 1955ರ ಮೇ ತಿಂಗಳಲ್ಲಿ ತೀರಿಕೊಂಡ. ಕುಡಿತದಿಂದ ಜರ್ಝರಿತನಾಗಿದ್ದ ಏಜೀ ಬರೆದುಕೊಟ್ಟದ್ದು ಕೆಲಸಕ್ಕೆ ಬಾರದ ಹೊರೆಕಾಗದ, ಲಾಟನ್ ಅದನ್ನು ಬದಿಗೆಸೆದು ತಾನೇ ಬರೆದ ಎಂಬ ಮಾತು ದಶಕಗಳ ಕಾಲ ನಡೆದು ಬಂತು. ಲಾಟನ್‌ನ ಹೆಂಡತಿ, ನಟಿ ಎಲ್ಸಾ ಲ್ಯಾಂಚೆಸ್ಟರ್ ಕೂಡ ಇದೇ ಪಕ್ಷ. 2000ದ ದಶಕದಲ್ಲಿ ಏಜೀಯ ಕರಡು ದೊರೆಯಿತು. 300 ಪುಟಗಳಿಗೆ ಸಮೀಪದ, ಹಾಗೇ ಚಿತ್ರಿಸಿದ್ದರೆ ರಾತ್ರಿಯಿಡೀ ನೋಡಬೇಕಾಗುತ್ತಿದ್ದ ಹಸ್ತಪ್ರತಿ; ಆದರೆ ತೆರೆಯ ಮೇಲಿನ ದೃಶ್ಯಗಳು ಬಹುಪಾಲು ಅದರಲ್ಲಿವೆ. ಸತ್ತವನಿಗೆ ತಡವಾಗಿಯಾದರೂ ನ್ಯಾಯ ದೊರೆಯಿತು. ಹೊರೆಯನ್ನು ಕಡಿದು ಒಂದೂವರೆ ಗಂಟೆಯ ಕಥೆಯಾಗಿ ಕಟ್ಟಿದವನು ಲಾಟನ್ ಎಂಬುದಕ್ಕೆ ಇದರಿಂದ ಕುಂದೇನೂ ಬರಲಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ರುಚಿಕರವಾಗಿತ್ತು: ಲಾಟನ್‌ನಿಗೆ ಮಕ್ಕಳೆಂದರೆ ಆಗದು, ಆದ್ದರಿಂದ ಮಕ್ಕಳ ದೃಶ್ಯಗಳನ್ನೆಲ್ಲ ಮಿಚಮ್ ನಿರ್ದೇಶಿಸಿದ ಎಂಬುದು. ಮಕ್ಕಳ ಕಣ್ಣಿನಿಂದ ನೋಡಿದ ಚಿತ್ರವೇ ನಿರ್ದೇಶಕನ ಕೈಯಿಂದ ಜಾರಿಹೋಗುವಂಥ ಆರೋಪವಿದು. ಇದಕ್ಕೆ ಉತ್ತರ ಡಬ್ಬಿಗಳಲ್ಲಿತ್ತು. ಲಾಟನ್ ಒಂದು ಚಿತ್ರಿಕೆ ಮುಗಿದೊಡನೆ ಕ್ಯಾಮರಾ ನಿಲ್ಲಿಸುತ್ತಿರಲಿಲ್ಲ. ಸುರುಳಿ ಓಡುತ್ತಿರುವಾಗಲೇ ನಟರಿಗೆ ತಿದ್ದಿ ಹೇಳಿ ಮತ್ತೆ ಮಾಡಿಸುತ್ತಿದ್ದ. ಹೀಗೆ ಉಳಿದ ಸುರುಳಿಗಳು ಅವನ ಮನೆಯಲ್ಲಿದ್ದವು. ಅವನ ಕಾಲಾನಂತರ ಎಲ್ಸಾ ಅವನ್ನು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಒಪ್ಪಿಸಿದಳು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿ ರಾಬರ್ಟ್ ಗಿಟ್ ವರ್ಷಗಟ್ಟಲೆ ಕುಳಿತು, ಸುಮಾರು 8 ಗಂಟೆಗಳಷ್ಟಿದ್ದ ಈ ಸುರುಳಿಗಳನ್ನು ಜೋಡಿಸಿ, 2002ರಲ್ಲಿ ಅದರ ಸಾರಭಾಗವನ್ನು ಪ್ರದರ್ಶಿಸಿದ. ಅಲ್ಲಿ ತೆರೆಯ ಹೊರಗಿನಿಂದ ಲಾಟನ್‌ನ ದನಿ ಕೇಳುತ್ತದೆ. ಹುಡುಗನಿಗೆ ಎದುರುಪಾತ್ರದ ಮಾತನ್ನು ತಾನೇ ಹೇಳುತ್ತಾನೆ. ಪುಟ್ಟ ಹುಡುಗಿಗೆ ಒಂದೊಂದು ಸಾಲನ್ನೂ ತಾಳ್ಮೆಯಿಂದ ಹೇಳಿಕೊಡುತ್ತಾನೆ, ತಪ್ಪಿದರೆ ಮತ್ತೆ ಹೇಳಿಸುತ್ತಾನೆ. ಮಿಚಮ್ ಕೂಡ ತಾನು ಕಂಡ ನಿರ್ದೇಶಕರಲ್ಲಿ ಲಾಟನ್‌ಗೆ ಮೊದಲ ಸ್ಥಾನ ಕೊಡುತ್ತಿದ್ದನೆಂಬುದನ್ನು ಇಲ್ಲಿ ಸೇರಿಸಬಹುದು.

ಹಾಗೆಂದು ಚಿತ್ರದಲ್ಲಿ ಕೊರತೆಗಳೇ ಇಲ್ಲವೆಂದು ವಾದಿಸುವ ಭಕ್ತಮಂಡಲಿಯನ್ನು ನಾನು ಸೇರಲಾರೆ. ಮಕ್ಕಳು ಮುದುಕಿಯ ಮನೆ ಸೇರಿದ ಮೇಲೆ ಕಥೆಯ ಬಿಗಿ ಸಡಿಲುತ್ತದೆ ಎಂಬ ದೂರು 1955ರಿಂದಲೂ ಇದೆ, ಇಂದಿನ ಪ್ರೇಕ್ಷಕರಲ್ಲೂ ಈ ಮಾತಾಡುವವರಿದ್ದಾರೆ. ಗೂಬೆ ಮೊಲದ ಮೇಲೆರಗುವ ದೃಶ್ಯ ಪಾಠ ಹೇಳಿಕೊಟ್ಟಂತಿದೆ. ಕೊನೆಯ ಕ್ರಿಸ್ಮಸ್ ಸಡಗರಕ್ಕೆ ಸಕ್ಕರೆ ಒಂದು ಹಿಡಿ ಹೆಚ್ಚಾಯಿತು. ಆದರೆ ಈ ಉತ್ತರಾರ್ಧದಲ್ಲೇ ಚಿತ್ರದ ಅತ್ಯುತ್ತಮ ರಾತ್ರಿಯೂ ಇದೆ. ಹೊರಗೆ ಮರದ ಬೊಡ್ಡೆಯ ಮೇಲೆ ಕುಳಿತು ಪಾದ್ರಿ ತನ್ನ ಭಕ್ತಿಗೀತೆ ಹಾಡುತ್ತಾನೆ. ಒಳಗೆ ಕತ್ತಲಲ್ಲಿ ಕೋವಿ ಹಿಡಿದು ತೂಗುಕುರ್ಚಿಯಲ್ಲಿ ಕುಳಿತ ಮುದುಕಿ ಅದೇ ಹಾಡಿಗೆ ದನಿಗೂಡಿಸುತ್ತಾಳೆ. ಅವನು ಬಿಟ್ಟುಬಿಡುವ ಏಸುವಿನ ಹೆಸರನ್ನು ಇವಳು ಸೇರಿಸಿ ಹಾಡುತ್ತಾಳೆ. ಧರ್ಮವನ್ನು ಹೀಯಾಳಿಸುವ ಚಿತ್ರವೆಂದು ದೂರಿದವರು ಈ ದೃಶ್ಯ ಬರುವ ಮುನ್ನವೇ ಎದ್ದುಹೋಗಿದ್ದರೋ ಏನೋ! ಪಾದ್ರಿ ಸೆರೆಸಿಕ್ಕಾಗ ಹುಡುಗ ಜಾನ್ ಹಿಗ್ಗುವುದಿಲ್ಲ. ಪೊಲೀಸರು ತಂದೆಯನ್ನು ನೆಲಕ್ಕೆ ಕೆಡವಿ ಹಿಡಿದುದೇ ಅವನಿಗೆ ಮತ್ತೆ ಕಾಣುತ್ತದೆ. ಓಡಿಬಂದು ಬೊಂಬೆಯಿಂದ ಪಾದ್ರಿಯನ್ನು ಬಡಿದು, ಬೇಡ, ಈ ಹಣ ತೆಗೆದುಕೋ ಎಂದು ಗೋಳಾಡುತ್ತಾನೆ. ನೋಟುಗಳು ಚೆಲ್ಲಾಡುತ್ತವೆ. ಇನ್ನು, ವಿಧವೆಯನ್ನು ಕಾಡಿ ಬೇಡಿ ಈ ಪಾದ್ರಿಗೇ ಕಟ್ಟಿದ ಊರ ಹೆಂಗಸು ಕೊನೆಯಲ್ಲಿ ಅವನನ್ನು ಕೊಲ್ಲಬೇಕೆಂದು ಕೂಗುವ ಗುಂಪಿನ ಮುಂದೆ ನಿಂತಿರುತ್ತಾಳೆ. ಉತ್ತರಾರ್ಧ ಸಡಿಲವೆಂದು ಕತ್ತರಿ ಹಾಕಿದ್ದರೆ ಇವೆಲ್ಲ ಹೋಗುತ್ತಿದ್ದವು.

1956ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಇಪ್ಪತ್ತನಾಲ್ಕರ ಪ್ರಾಯದ ವಿಮರ್ಶಕನೊಬ್ಬ ಈ ಚಿತ್ರವನ್ನು ಹೊಗಳುತ್ತಲೇ, ವ್ಯಾಪಾರದ ಕಟ್ಟಳೆಗಳನ್ನು ಇಷ್ಟೊಂದು ಮೀರಿದವನಿಗೆ ಎರಡನೆಯ ಅವಕಾಶ ಬಹುಶಃ ಸಿಗಲಾರದೆಂದು ಮರುಗಿದ. ಅವನು ಮುಂದೆ ತಾನೇ ನಿರ್ದೇಶಕನಾಗಿ ಹೆಸರಾದ ಫ್ರಾನ್ಸ್ವಾ ತ್ರೂಫೊ. ಮಾತು ನಿಜವಾಯಿತು. ನಾರ್ಮನ್ ಮೇಲರ್‌ನ ಯುದ್ಧದ ಕಾದಂಬರಿ ‘ದಿ ನೇಕೆಡ್ ಅಂಡ್ ದಿ ಡೆಡ್’ ಲಾಟನ್‌ನ ಮುಂದಿನ ಚಿತ್ರವಾಗಬೇಕಿತ್ತು, ಅದರ ಸಿದ್ಧತೆಯಲ್ಲೂ ಆತ ತೊಡಗಿದ್ದ. ಕೊನೆಗೆ ಅದನ್ನು ರಾವುಲ್ ವಾಲ್ಶ್ ನಿರ್ದೇಶಿಸಿ, 1958ರಲ್ಲಿ ಬಿಡುಗಡೆಯಾಯಿತು. ಲಾಟನ್ ನಟನೆಗೆ ಮರಳಿದ. 1959ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಲಿಯರ್ ಮಹಾರಾಜನ ಪಾತ್ರ ವಹಿಸಿದ. 1962ರ ಡಿಸೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಪಟ್ಟಿಯಲ್ಲಿ ಅವನ ಚಿತ್ರಕ್ಕೆ ಸ್ಥಾನ ಸಿಕ್ಕಿತು. 2008ರಲ್ಲಿ ಫ್ರಾನ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆ ಲೋಕದ 100 ಶ್ರೇಷ್ಠ ಚಿತ್ರಗಳನ್ನು ಆರಿಸಿದಾಗ ಇದಕ್ಕೆ ಎರಡನೆಯ ಸ್ಥಾನ ಬಂತು, ‘ಸಿಟಿಜನ್ ಕೇನ್’ ಒಂದರ ಕೆಳಗೆ. ಆ ಹೊತ್ತಿಗೆ ಲಾಟನ್ ತೀರಿಕೊಂಡು 46 ವರ್ಷಗಳಾಗುತ್ತ ಬಂದಿತ್ತು.